ಮಾರಿದ್ದ ತೋಟದ ಟ್ರ್ಯಾಕ್ಟರನ್ನು ಮರಳಿ ಕೊಳ್ಳಬಹುದೇ?

ತೋಟ ಮತ್ತು ಯಂತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ಮೂಡಿಗೆರೆ ತಾಲ್ಲೂಕಿನಲ್ಲಿ ನಮಗೆ ಆರು ಎಕರೆ ಕಾಫಿ, ಎರಡು ಎಕರೆ ಅಡಿಕೆ ತೋಟವಿದೆ. ನಮ್ಮ ತಂದೆಯವರು 2004ರಲ್ಲಿ 18.5 ಅಶ್ವಶಕ್ತಿಯ ಮಿತ್ಸುಬಿಷಿ ಶಕ್ತಿ ಪುಟ್ಟ ಟ್ರ್ಯಾಕ್ಟರನ್ನು ಹೊಸದಾಗಿ ಕೊಂಡಿದ್ದರು. ಗೊಬ್ಬರ ಸಾಗಿಸುವುದು, ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಿಸುವುದು, ಹಣ್ಣಿನ ಮೂಟೆಗಳನ್ನು ಕಣಕ್ಕೆ ತರುವುದು, ಎಲ್ಲವೂ ಅದರಲ್ಲೇ ನಡೆಯುತ್ತಿತ್ತು. 2016ರಲ್ಲಿ ತಂಗಿಯ ಮದುವೆಗೆ ಹಣ ಹೊಂದಿಸಲು ಬೇಲೂರು ತಾಲ್ಲೂಕಿನ ಪರಿಚಿತರೊಬ್ಬರಿಗೆ 1,10,000 ರೂಪಾಯಿಗೆ ಮಾರಿದೆವು. ಅದು ಈಗ ನಾಲ್ಕು ವರ್ಷಗಳಿಂದ ಅವರ ಮನೆಯ ಹಿಂದೆ, ಹಲಸಿನ ಮರದ ಕೆಳಗೆ ಹರಿದ ಟಾರ್ಪಾಲಿನಡಿ ನಿಂತಿದೆ. 95,000 ರೂಪಾಯಿ ಕೊಟ್ಟರೆ ಮರಳಿ ಕೊಡುವುದಾಗಿ ಅವರು ಹೇಳುತ್ತಾರೆ. ಆರ್‌ಸಿ ಇಂದಿಗೂ ತಂದೆಯವರ ಹೆಸರಿನಲ್ಲೇ ಇದೆಯೆಂದು ತಿಳಿದು ಆಶ್ಚರ್ಯವಾಯಿತು. ಎಪ್ಪತ್ತೈದು ದಾಟಿದ ತಂದೆಯವರು ಅದರ ಸ್ಪ್ಯಾನರ್ ಪೆಟ್ಟಿಗೆಯನ್ನೂ ಕೈಪಿಡಿಯನ್ನೂ ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಕೊಳ್ಳುವುದು ಸರಿಯೇ? ಕೊಂಡರೆ ಅದನ್ನು ಮತ್ತೆ ಓಡುವಂತೆ ಮಾಡುವುದು ಹೇಗೆ?
— ಒಬ್ಬ ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ಕೊಳ್ಳಬಹುದು ಎಂಬುದೇ ನನ್ನ ಅಭಿಪ್ರಾಯ. ಆದರೆ ಎಂಜಿನ್ ಕೈಯಿಂದ ತಿರುಗುತ್ತದೆಯೇ ಎಂಬುದನ್ನು ನೋಡುವ ಮೊದಲು ಒಂದು ರೂಪಾಯಿಯ ಮುಂಗಡವನ್ನೂ ಕೊಡಬೇಡಿ. ನೀವು ನೋಡಲು ಹೋದ ದಿನ ಮಾಲೀಕರು ಬ್ಯಾಟರಿ ತಂದು ಜೋಡಿಸಿ, ‘ಒಂದು ಸೆಲ್ಫ್ ಹೊಡೆದು ನೋಡೋಣ’ ಎಂದರೆ ದಯವಿಟ್ಟು ತಡೆಯಿರಿ. ಹಾಸನದಲ್ಲಿ ಬಹುಕಾಲ ವರ್ಕ್‌ಶಾಪ್ ನಡೆಸಿದ ನಾನು, ನಿಂತು ಹೋಗಿದ್ದ ಒಳ್ಳೆಯ ಎಂಜಿನ್‌ಗಳು ಆ ಒಂದು ಸೆಲ್ಫಿನಿಂದಲೇ ಹಾಳಾದದ್ದನ್ನು ಕಂಡಿದ್ದೇನೆ.

ಅದಕ್ಕೆ ಕಾರಣ ನಮ್ಮ ಮಲೆನಾಡಿನ ಮಳೆ. ಮೇಲ್ಮುಖವಾದ ಸೈಲೆನ್ಸರಿನ ಬಾಯಿಗೆ ಮುಚ್ಚಳವಿಲ್ಲದಿದ್ದರೆ ಮಳೆಯ ನೀರು ಕೊಳವೆಯೊಳಗೆ ಇಳಿದು, ಯಾವ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರೆದ ಸ್ಥಿತಿಯಲ್ಲಿ ನಿಂತಿದೆಯೋ ಅದರೊಳಗೆ ಸೇರುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಪಿಸ್ಟನ್ ಮೇಲ್ತುದಿಗೆ ಬಂದಾಗ ಅದರ ಮೇಲೆ ಉಳಿಯುವ ಜಾಗ ಕೆಲವೇ ಚಮಚಗಳಷ್ಟು. ಗಾಳಿಯಂತೆ ನೀರು ಕುಗ್ಗುವುದಿಲ್ಲವಾದ್ದರಿಂದ, ಸೆಲ್ಫ್ ಮೋಟಾರ್ ಬಲವಾಗಿ ತಿರುಗಿಸಿದಾಗ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರು ಅಷ್ಟು ಸೇರದಿದ್ದರೂ ಪಿಸ್ಟನ್ನಿನ ರಿಂಗ್‌ಗಳು ತುಕ್ಕಿನಿಂದ ಲೈನರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಅಂಟಿಕೊಂಡಿರುವ ಸಾಧ್ಯತೆ ಇದ್ದೇ ಇದೆ. ಆದ್ದರಿಂದ ಮೊದಲು ಗೇರನ್ನು ನ್ಯೂಟ್ರಲ್‌ಗೆ ತಂದು, ಸಿಲಿಂಡರಿಗೆ ಡೀಸೆಲ್ ಸಿಡಿಸುವ ಮೂರೂ ನಾಝಲ್‌ಗಳನ್ನು ಬಿಚ್ಚಿಸಿ, ಎಂಜಿನ್ನಿನ ಮುಂಭಾಗದ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ನಿಧಾನವಾಗಿ ತಿರುಗಿಸಿ ನೋಡಬೇಕು. ಎರಡು ಪೂರ್ತಿ ಸುತ್ತು ತಡೆಯಿಲ್ಲದೆ ಬಂದರೆ ನಿಮ್ಮ ಅರ್ಧ ಚಿಂತೆ ಕಳೆಯಿತು. ಬಾರದಿದ್ದರೆ ಬಲ ಪ್ರಯೋಗಿಸದೆ, ನಾಝಲ್ ರಂಧ್ರಗಳ ಮೂಲಕ ಡೀಸೆಲ್ ಬೆರೆಸಿದ ಎಂಜಿನ್ ಆಯಿಲನ್ನು ಸ್ವಲ್ಪ ಸ್ವಲ್ಪವೇ ಬಿಟ್ಟು, ಮೂರು ನಾಲ್ಕು ದಿನ ಕಾದು, ಮತ್ತೆ ಹಿಂದಕ್ಕೂ ಮುಂದಕ್ಕೂ ಆಡಿಸಬೇಕು. ಅದಕ್ಕೂ ಜಗ್ಗದ ಎಂಜಿನ್ ಆದರೆ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬಿಚ್ಚಲೇಬೇಕಾಗುತ್ತದೆ. ಆಗ ಅದರ ಬೆಲೆಯನ್ನು ಕಬ್ಬಿಣದ ಲೆಕ್ಕಕ್ಕೆ ಸ್ವಲ್ಪ ಮೇಲಿಟ್ಟು ಮಾತಾಡಬೇಕೇ ಹೊರತು 95,000ದ ಹತ್ತಿರಕ್ಕೆ ಹೋಗಬಾರದು.

ಬೆಲೆಯ ವಿಷಯದಲ್ಲಿ ನೀವು 2016ರಲ್ಲಿ ಪಡೆದ ಮೊತ್ತವನ್ನು ಮರೆತುಬಿಡಿ. ಅಂದು ಮಾರಿದ್ದು ಓಡುತ್ತಿದ್ದ ಟ್ರ್ಯಾಕ್ಟರನ್ನು, ಇಂದು ಕೊಳ್ಳುತ್ತಿರುವುದು ನಿಂತದ್ದನ್ನು. ಬ್ಯಾಟರಿ, ನಾಲ್ಕು ಟೈರು, ಫಿಲ್ಟರ್ ಮತ್ತು ಆಯಿಲ್‌ಗಳು, ಡೀಸೆಲ್ ಪಂಪು ಹಾಗೂ ನಾಝಲ್‌ಗಳ ಪರೀಕ್ಷೆ, ಬಹುಶಃ ಕ್ಲಚ್ ಪ್ಲೇಟು, ಇಷ್ಟರ ಖರ್ಚನ್ನು ಪರಿಚಯದ ಮೆಕ್ಯಾನಿಕ್ ಒಬ್ಬರಿಂದ ಬರೆಸಿ, ಅದೇ ಮಾದರಿಯ ಓಡುವ ಹಳೆಯ ಟ್ರ್ಯಾಕ್ಟರಿನ ಇಂದಿನ ಬೆಲೆಯಿಂದ ಕಳೆಯಿರಿ. ಉಳಿಯುವ ಮೊತ್ತವೇ ನ್ಯಾಯವಾದ ಬೆಲೆ. ತಂದೆಯವರ ಆಸೆಗಾಗಿ ಅದರ ಮೇಲೆ ಏನಾದರೂ ಸೇರಿಸುವುದಾದರೆ ಸೇರಿಸಿ, ಅದು ತಪ್ಪಲ್ಲ. ಆದರೆ ಅದು ಆಸೆಯ ಬಾಬ್ತು ಎಂಬುದು ನಿಮ್ಮ ಲೆಕ್ಕದಲ್ಲಿ ಪ್ರತ್ಯೇಕವಾಗಿರಲಿ.

ನಿಮ್ಮ ಪರವಾದ ಅಂಶಗಳೂ ಇವೆ. ಈ ಟ್ರ್ಯಾಕ್ಟರನ್ನು ತಯಾರಿಸಿದ್ದು 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆ. ಅದು ಇಂದಿಗೂ ಪುಟ್ಟ ಟ್ರ್ಯಾಕ್ಟರ್ ಮತ್ತು ಪವರ್ ಟಿಲ್ಲರ್‌ಗಳನ್ನು ತಯಾರಿಸುತ್ತಿರುವುದರಿಂದ ಬಿಡಿಭಾಗಗಳಿಗಾಗಿ ಅಲೆಯಬೇಕಾದ ಭಯ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಯಾವ ಹಳೆಯ ಯಂತ್ರ ಕೊಳ್ಳುವವರಿಗೂ ಸಿಗದ ಒಂದು ಅನುಕೂಲ ನಿಮಗಿದೆ: ಅದರ ಮೊದಲ ಹನ್ನೆರಡು ವರ್ಷಗಳ ಚರಿತ್ರೆ ನಿಮ್ಮ ತಂದೆಯವರಿಗೆ ಗೊತ್ತು. ಹೆಡ್ ಎಂದಾದರೂ ಬಿಚ್ಚಿದ್ದರೇ, ಕ್ಲಚ್ ಪ್ಲೇಟ್ ಯಾವಾಗ ಬದಲಾಯಿತು, ಯಾವ ಗೇರು ಕಚ್ಚುತ್ತಿತ್ತು ಎಂಬುದನ್ನೆಲ್ಲ ಅವರನ್ನು ಕೇಳಿ ಬರೆದುಕೊಳ್ಳಿ. ನೋಡಲು ಹೋಗುವಾಗ ಅವರನ್ನು ಕರೆದುಕೊಂಡೇ ಹೋಗಿ.

ಬೋರ್ಡೋ ಸಿಂಪಡಿಸುತ್ತಿದ್ದೆವು ಎಂದು ಬರೆದಿದ್ದೀರಿ. ಈ ಮಾತನ್ನು ಓದಿದೊಡನೆ ನನ್ನ ಮನಸ್ಸು ಟ್ರ್ಯಾಕ್ಟರಿನ ಹಿಂಭಾಗಕ್ಕೆ ಹೋಯಿತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸುವ ಶೇಕಡ 1ರ ದ್ರಾವಣ ಕಾಫಿ ಎಲೆಗೆ ರಕ್ಷೆಯಾದರೂ, ಸುಣ್ಣ ಸಾಲದೆ ಉಳಿದ ಮೈಲುತುತ್ತ ಕಬ್ಬಿಣಕ್ಕೆ ಶತ್ರು. ತಾಮ್ರವು ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಆದ್ದರಿಂದ ಹೈಡ್ರಾಲಿಕ್ ತೋಳುಗಳ ಪಿನ್ನುಗಳು, ಜೋಡಿಸಿದ ಉಪಕರಣಗಳಿಗೆ ಎಂಜಿನ್ ಶಕ್ತಿ ಕೊಡುವ ಪಿಟಿಒ ಶಾಫ್ಟಿನ ಹಲ್ಲುಗಳು, ಮಡ್‌ಗಾರ್ಡಿನ ಒಳಮೈ, ಹಿಂದಿನ ಚಕ್ರದ ಡಿಸ್ಕಿನ ಬೋಲ್ಟುಗಳು ಮತ್ತು ಹಸಿರುಗಟ್ಟಿದ ವೈರ್ ತುದಿಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ನೋಡಬೇಕು. ಮೇಲಿನ ಬಣ್ಣ ಚೆನ್ನಾಗಿ ಕಂಡಿತೆಂದು ಮೋಸ ಹೋಗಬಾರದು.

ಇನ್ನು ಓಡಿಸುವ ಸಿದ್ಧತೆ. ಟ್ಯಾಂಕಿನಲ್ಲಿರುವ ಹಳೆಯ ಡೀಸೆಲನ್ನು ಪೂರ್ತಿ ಸುರಿದುಬಿಡಿ. ತಳದಲ್ಲಿ ಸೇರಿದ ನೀರು ಮತ್ತು ಡೀಸೆಲ್ ಕೂಡುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಂತಹ ಕಸ ಕಟ್ಟಿರುತ್ತದೆ. ಟ್ಯಾಂಕನ್ನು ಇಳಿಸಿ ತೊಳೆಸಿ, ಫಿಲ್ಟರ್ ಬದಲಾಯಿಸಿ. ಪಂಪನ್ನೂ ನಾಝಲ್‌ಗಳನ್ನೂ ಡೀಸೆಲ್ ಪಂಪ್ ರಿಪೇರಿ ಮಾಡುವ ಅಂಗಡಿಗೆ ಒಯ್ದು ಪರೀಕ್ಷಿಸಿ; ಮನೆಯಲ್ಲಿ ನಾಝಲ್ ಸಿಡಿತವನ್ನು ಕೈಯೊಡ್ಡಿ ನೋಡುವ ಸಾಹಸ ಬೇಡ, ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ. ಏರ್ ಕ್ಲೀನರಿನಲ್ಲಿ ಇಲಿಗೂಡು, ಸೈಲೆನ್ಸರಿನಲ್ಲಿ ಕಣಜದ ಮಣ್ಣುಗೂಡು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಗೇರ್ ಆಯಿಲನ್ನು ಒಂದು ಬಾಟಲಿಗೆ ಇಳಿಸಿ ನೋಡಿದಾಗ ಅದು ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿದ್ದರೆ, ಗೇರ್ ಲಿವರಿನ ಹರಿದ ರಬ್ಬರಿನ ಮೂಲಕ ಮಳೆನೀರು ಇಳಿದಿದೆ ಎಂದರ್ಥ. ಆಗ ತೊಳೆದು ಎರಡು ಬಾರಿ ಆಯಿಲ್ ಬದಲಾಯಿಸಬೇಕು. ಎಂಜಿನ್ ಆಯಿಲನ್ನೂ ಓಡಿಸುವ ಮೊದಲು ಒಮ್ಮೆ, ಹತ್ತು ಗಂಟೆ ದುಡಿಸಿದ ನಂತರ ಮತ್ತೊಮ್ಮೆ ಬದಲಾಯಿಸಿ. ರೇಡಿಯೇಟರನ್ನು ತೊಳೆದು, ಅದರ ಪೈಪುಗಳನ್ನು ಚಿವುಟಿ ನೋಡಿ, ಬಿರಿದಿದ್ದರೆ ಹೊಸದು ಹಾಕಿ.

ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿಕೊಂಡಿರುವುದು ನಿಂತ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯ. ಪೆಡಲನ್ನು ಪೂರ್ತಿ ಒತ್ತಿ, ಮರದ ತುಂಡು ಕೊಟ್ಟು ಎರಡು ದಿನ ಬಿಡಿ; ಕೆಲವೊಮ್ಮೆ ಅಷ್ಟಕ್ಕೇ ಬಿಟ್ಟುಕೊಳ್ಳುತ್ತದೆ. ಕ್ಲಚ್ ಬಿಡುತ್ತದೆಯೆಂದು ಖಚಿತವಾಗುವವರೆಗೆ ಗೇರಿನಲ್ಲಿಟ್ಟು ಸ್ಟಾರ್ಟ್ ಮಾಡಬೇಡಿ.

ಎಲ್ಲವೂ ಸಿದ್ಧವಾದ ದಿನ ಡೀಸೆಲ್ ಪೈಪುಗಳಲ್ಲಿ ಸೇರಿದ ಏರ್ ತೆಗೆದು, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಪ್ರೈಮ್ ಮಾಡಿ. ಆಮೇಲೆ ಸ್ಟಾಪ್ ಗುಬ್ಬಿಯನ್ನು ಎಳೆದು ಹಿಡಿದೇ, ಅಂದರೆ ಎಂಜಿನ್ ಹೊತ್ತಿಕೊಳ್ಳದಂತೆ, ನಿಲ್ಲಿಸಿ ನಿಲ್ಲಿಸಿ ಸೆಲ್ಫ್ ಕೊಡಿ. ಒಣಗಿದ ಬೇರಿಂಗ್‌ಗಳಿಗೆ ಆಯಿಲ್ ತಲುಪಿ ಆಯಿಲ್ ದೀಪ ಆರಿದ ಮೇಲೆಯೇ ಗುಬ್ಬಿಯನ್ನು ಬಿಡಿ. ಆ ಕ್ಷಣದಲ್ಲಿ ಏರ್ ಕ್ಲೀನರ್ ಬಿಚ್ಚಿದ ಇನ್‌ಲೆಟ್ ಬಾಯಿಯ ಪಕ್ಕದಲ್ಲಿ ಒಬ್ಬರು ಚಪ್ಪಟೆಯಾದ ಹಲಗೆ ಹಿಡಿದು ನಿಂತಿರಬೇಕು. ಪಂಪಿನೊಳಗೆ ಡೀಸೆಲ್ ಪ್ರಮಾಣವನ್ನು ನಿಯಂತ್ರಿಸುವ ರ‍್ಯಾಕ್ ಅಂಟಿಕೊಂಡಿದ್ದರೆ ಎಂಜಿನ್ ಹತೋಟಿ ಮೀರಿ ವೇಗ ಹೆಚ್ಚಿಸಿಕೊಳ್ಳುತ್ತದೆ, ಸ್ಟಾಪ್ ಗುಬ್ಬಿಗೂ ಬಗ್ಗುವುದಿಲ್ಲ. ಹಲಗೆಯಿಂದ ಗಾಳಿಯ ದಾರಿಯನ್ನು ಮುಚ್ಚಿದರೆ ಮಾತ್ರ ನಿಲ್ಲುತ್ತದೆ. ಕೈಯನ್ನಾಗಲಿ ಬಟ್ಟೆಯನ್ನಾಗಲಿ ಅಲ್ಲಿ ಒಡ್ಡಬಾರದು. ಇದು ಅಪರೂಪಕ್ಕೆ ಆಗುವ ಸಂಗತಿಯಾದರೂ ನಾನು ಈ ಹಲಗೆಯಿಲ್ಲದೆ ಯಾವ ನಿಂತ ಎಂಜಿನನ್ನೂ ಎಬ್ಬಿಸಿದವನಲ್ಲ. ಜೊತೆಗೆ ಬ್ರೇಕನ್ನು ಪೂರ್ತಿ ಬಿಚ್ಚಿ ನೋಡದೆ ಇಳಿಜಾರಿನ ತೋಟಕ್ಕೆ ಟ್ರ್ಯಾಕ್ಟರನ್ನು ಇಳಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಕಾಗದಪತ್ರದ ವಿಷಯ ನೀವು ಎಣಿಸಿದ್ದಕ್ಕಿಂತ ಗಂಭೀರವಾದುದು. ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನ ಪ್ರಕಾರ, ಅದೇ ರಾಜ್ಯದೊಳಗೆ ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಆರ್‌ಟಿಒ ಕಚೇರಿಗೆ ತಿಳಿಸಬೇಕು. ಅದಾಗಿಲ್ಲದ ಕಾರಣ ಇಷ್ಟು ವರ್ಷವೂ ಕಾನೂನಿನ ಕಣ್ಣಿಗೆ ನಿಮ್ಮ ತಂದೆಯವರೇ ಮಾಲೀಕರು. ಹೆಸರು ಬದಲಾಗದ ವಾಹನದಿಂದ ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಟ್ರ್ಯಾಕ್ಟರ್ ಮರದ ಕೆಳಗೆ ನಿಂತೇ ಇದ್ದದ್ದು ಒಂದು ರೀತಿಯಲ್ಲಿ ನಿಮ್ಮ ಕುಟುಂಬದ ಪುಣ್ಯ. ಈಗ ಹೆಸರು ವರ್ಗಾವಣೆಯ ಅಗತ್ಯವಿಲ್ಲ. ಆದರೆ 2016ರಲ್ಲಿ ತಂದೆಯವರು ಸಹಿ ಮಾಡಿ ಕೊಟ್ಟಿರಬಹುದಾದ 29 ಮತ್ತು 30ನೆಯ ನಮೂನೆಗಳನ್ನು (ಹೆಸರು ವರ್ಗಾವಣೆಯ ಕಾಗದಗಳನ್ನು) ತಪ್ಪದೆ ಮರಳಿ ಪಡೆಯಿರಿ, ಹಣ ಕೊಟ್ಟದ್ದಕ್ಕೆ ಚಾಸಿ ಮತ್ತು ಎಂಜಿನ್ ಸಂಖ್ಯೆ ಬರೆದ ರಸೀದಿ ಬರೆಸಿಕೊಳ್ಳಿ, ಆ ಸಂಖ್ಯೆಗಳು ಆರ್‌ಸಿಗೆ ಹೊಂದುತ್ತವೆಯೇ ಎಂದು ಯಂತ್ರದ ಮೇಲೆಯೇ ಓದಿ ನೋಡಿ. ಕೃಷಿ ಟ್ರ್ಯಾಕ್ಟರಿನ ನೋಂದಣಿಗೆ 15 ವರ್ಷಗಳ ಅವಧಿ ಇರುವುದರಿಂದ ನಿಮ್ಮದು 2019ರಲ್ಲೇ ಮುಗಿದಿರಬೇಕು. 25ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು, ಚಿಕ್ಕಮಗಳೂರಿನ ಆರ್‌ಟಿಒ ಕಚೇರಿಯಲ್ಲಿ ತಪಾಸಣೆ ಮಾಡಿಸಿ ಐದು ವರ್ಷಕ್ಕೆ ನವೀಕರಿಸಬಹುದು. ತಡವಾದದ್ದಕ್ಕೆ ದಂಡವನ್ನೂ ಲೆಕ್ಕದಲ್ಲಿಡಿ. ನವೀಕರಣವೂ ವಿಮೆಯೂ ಆಗುವವರೆಗೆ ಅದನ್ನು ರಸ್ತೆಯಲ್ಲಿ ಓಡಿಸಿ ತರಬೇಡಿ, ಲಾರಿಯಲ್ಲಿ ಹೇರಿಸಿಕೊಂಡು ಬನ್ನಿ.

ಪ್ರಶ್ನೆ: ಮೂರು ವರ್ಷ ನಿಂತಿದ್ದ ನಮ್ಮ ಪುಟ್ಟ ಟ್ರ್ಯಾಕ್ಟರನ್ನು ರಿಪೇರಿ ಮಾಡಿಸಿದೆವು. ಚೆನ್ನಾಗಿ ಸ್ಟಾರ್ಟ್ ಆಗುತ್ತದೆ, ಇಪ್ಪತ್ತು ನಿಮಿಷ ಕೆಲಸ ಮಾಡಿ ತಾನೇ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಪಂಪ್ ಬದಲಾಯಿಸಬೇಕೆಂದು ಹೇಳುತ್ತಿದ್ದಾರೆ.
— ಓದುಗರು, ಆಲೂರು ತಾಲ್ಲೂಕು

ಉತ್ತರ: ಪಂಪಿಗೆ ಕೈ ಹಾಕುವ ಮೊದಲು, ಅದು ನಿಂತ ಕೂಡಲೇ ಡೀಸೆಲ್ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿ ನೋಡಿ. ‘ಸುಯ್’ ಎಂದು ಗಾಳಿ ಒಳಸೇರುವ ಸದ್ದಾದರೆ ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡಿದೆ. ಡೀಸೆಲ್ ಇಳಿದಂತೆ ಒಳಗೆ ಗಾಳಿ ಸೇರದೆ ಹರಿವು ನಿಲ್ಲುತ್ತಿದೆ. ರಂಧ್ರವನ್ನು ಸಣ್ಣ ತಂತಿಯಿಂದ ಬಿಡಿಸಿದರೆ ಸಾಕು. ಸದ್ದು ಬಾರದಿದ್ದರೆ ಟ್ಯಾಂಕಿನ ಕೆಳಗಿನ ಕಾಕಿನ (ಡೀಸೆಲ್ ನಲ್ಲಿಯ) ಜಾಲರಿಯನ್ನು ಬಿಚ್ಚಿ ನೋಡಿ; ತುಕ್ಕಿನ ಹುಡಿ ಓಡುವಾಗ ಅಲ್ಲಿಗೆ ಬಂದು ಕಚ್ಚಿಕೊಳ್ಳುತ್ತದೆ, ನಿಂತಾಗ ಕೆಳಗೆ ಇಳಿಯುತ್ತದೆ. ಟ್ಯಾಂಕನ್ನು ಇಳಿಸಿ ತೊಳೆಯದೆಯೇ ರಿಪೇರಿ ಮುಗಿಸಿರಬಹುದು. ಇವೆರಡನ್ನೂ ನೋಡಿದ ಮೇಲೂ ನಿಲ್ಲುತ್ತಿದ್ದರೆ ಮಾತ್ರ ಪಂಪನ್ನು ಪರೀಕ್ಷೆಗೆ ಕೊಡಿ.