ಕಡಲದಂಡೆಯ ಕೊಲೆ, ಠಾಣೆಯ ಕಡತ: ಓದುಗರ ಪ್ರಶ್ನೆಗಳು

ಪ್ರವಾಸಿಗರ ಕೊಲೆ ಪ್ರಕರಣಗಳಲ್ಲಿ ಪೊಲೀಸರ ನಡೆಯನ್ನು ಶಂಕಿಸಿ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರಗಳಲ್ಲಿ ಹೇಳಿರುವ ಕಲಂಗಳು 2024ರ ಜುಲೈ 1ರಂದು ಜಾರಿಗೆ ಬಂದ ಕಾನೂನುಗಳವು. ಅಪರಾಧ ಅದಕ್ಕಿಂತ ಮೊದಲು ನಡೆದಿದ್ದರೆ ಶಿಕ್ಷೆ ಹಳೆಯ ಐಪಿಸಿ ಪ್ರಕಾರವೇ.

ದಂಡೆಯಲ್ಲಿ ವಿದೇಶಿಯರ ಶವ ಸಿಕ್ಕರೆ ಪೊಲೀಸರು ಕೊಲೆ ಕೇಸು ಹಾಕದೆ ಯುಡಿಆರ್ (ಅಸಹಜ ಸಾವಿನ ವರದಿ) ಬರೆದು ಸುಮ್ಮನಾಗುತ್ತಾರೆ. ಇದು ಮುಚ್ಚಿಹಾಕುವ ದಾರಿಯಲ್ಲವೇ?
*– ಹೋಂಸ್ಟೇ ಮಾಲೀಕರು, ಗೋಕರ್ಣ*

ಯುಡಿಆರ್ ಬರೆದದ್ದೇ ತಪ್ಪಲ್ಲ. ಸಾವಿನ ಕಾರಣ ಗೊತ್ತಿಲ್ಲದಾಗ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 194ನೇ ಕಲಂ ಪ್ರಕಾರ ಅಸಹಜ ಸಾವು ಎಂದು ದಾಖಲಿಸಿ, ತಾಲ್ಲೂಕು ದಂಡಾಧಿಕಾರಿಗೆ ತಿಳಿಸಿ, ಇಬ್ಬರು ಸ್ಥಳೀಯರ ಎದುರು ಶವ ಪಂಚನಾಮೆ ಮಾಡಬೇಕು. ಆ ವರದಿ 24 ಗಂಟೆಯೊಳಗೆ ಜಿಲ್ಲಾ ಅಥವಾ ಉಪವಿಭಾಗೀಯ ದಂಡಾಧಿಕಾರಿಗೆ ಹೋಗಬೇಕು. ಗೋಕರ್ಣದ ಮಟ್ಟಿಗೆ ಕುಮಟಾ ಉಪವಿಭಾಗಕ್ಕೆ. ನೀವು ಅನುಮಾನಪಡಬೇಕಾದದ್ದು ಅದರ ಮುಂದಿನ ಹೆಜ್ಜೆಯನ್ನು. ಮರಣೋತ್ತರ ಪರೀಕ್ಷೆಯಲ್ಲಿ ಬೇರೆ ಸುಳಿವು ಸಿಕ್ಕಮೇಲೂ ಯುಡಿಆರ್ ಕೊಲೆ ಕೇಸಾಗಿ ಬದಲಾಗದಿದ್ದರೆ ಪ್ರಶ್ನೆ ಅಲ್ಲಿಂದ ಶುರು.

ಸಮುದ್ರದ ಶವ ಓದುವುದು ಕಷ್ಟ. ನೀರಿನಲ್ಲಿ ದೇಹ ಬೋರಲಾಗಿ ತೇಲುತ್ತದೆ. ಹಾಗಾಗಿ ಹಣೆ, ಮೊಣಕಾಲು, ಕೈಯ ಹಿಂಬದಿ ಮರಳಿಗೆ, ಬಂಡೆಗೆ ಉಜ್ಜಿ ತರಚುತ್ತವೆ. ಕಣ್ಣಿನ ರೆಪ್ಪೆ, ತುಟಿ, ಕಿವಿಯನ್ನು ಏಡಿ, ಮೀನು ತಿಂದಿರುತ್ತವೆ. ಇವನ್ನು ನೋಡಿ ಊರವರು ಹೊಡೆದು ಸಾಯಿಸಿದ್ದಾರೆ ಎನ್ನುತ್ತಾರೆ. ಇದೇ ನೆಪದಲ್ಲಿ ನಿಜವಾದ ಗಾಯಗಳನ್ನೂ ಬಂಡೆಯ ಲೆಕ್ಕಕ್ಕೆ ಹಾಕಿಬಿಡುವುದೂ ಉಂಟು. ಜೀವ ಇದ್ದಾಗ ಆದ ಗಾಯದ ಅಂಚಿನ ಅಂಗಾಂಶದಲ್ಲಿ ರಕ್ತ ಇಳಿದಿರುತ್ತದೆ, ಸತ್ತ ಮೇಲಿನದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಶವ ಬಹಳ ಹೊತ್ತು ನೀರಿನಲ್ಲಿದ್ದರೆ ಈ ವ್ಯತ್ಯಾಸವೂ ಮಸುಕಾಗುತ್ತದೆ. ಇದನ್ನು ಬಿಡಿಸಿ ಹೇಳಲು ವಿಧಿವಿಜ್ಞಾನ ತಜ್ಞರು ಬೇಕು. ಆದ್ದರಿಂದ ಸಣ್ಣ ಆಸ್ಪತ್ರೆಯಲ್ಲಿ ಮುಗಿಸದೆ ಕಾರವಾರದ ವೈದ್ಯಕೀಯ ಕಾಲೇಜಿಗೆ ಕಳಿಸಿ ಎಂದು ಮೊದಲ ದಿನವೇ ಬರಹದಲ್ಲಿ ಕೇಳುವುದು ಲೇಸು.

ಬದುಕಿದ್ದಾಗಲೇ ಮುಳುಗಿದ್ದೇ ಎಂದು ತಿಳಿಯಲು ಡಯಾಟಮ್ ಪರೀಕ್ಷೆ ಇದೆ. ನೀರಿನಲ್ಲಿರುವ ಈ ಸೂಕ್ಷ್ಮ ಪಾಚಿ, ಹೃದಯ ಬಡಿಯುತ್ತಿದ್ದರೆ ಮಾತ್ರ ರಕ್ತದ ಜೊತೆ ಮೂಳೆಯ ಮಜ್ಜೆಯವರೆಗೆ ತಲುಪುತ್ತದೆ. ಮಜ್ಜೆಯ ಜೊತೆ, ಶವ ಸಿಕ್ಕ ಜಾಗದ್ದೇ ನೀರಿನ ಮಾದರಿಯನ್ನೂ ಪ್ರಯೋಗಾಲಯಕ್ಕೆ ಕಳಿಸಬೇಕು. ಎಡವುವುದು ಇಲ್ಲೇ: ನೀರಿನ ಬಾಟಲಿಯನ್ನು ಯಾರೂ ತುಂಬಿರುವುದಿಲ್ಲ, ಹೋಲಿಸಲು ಏನೂ ಉಳಿಯುವುದಿಲ್ಲ. ಮಜ್ಜೆಯಲ್ಲಿ ಡಯಾಟಮ್ ಸಿಗಲಿಲ್ಲ ಎಂದ ಮಾತ್ರಕ್ಕೆ ಮುಳುಗಿಲ್ಲ ಎಂದೂ ಅಲ್ಲ. ವಿಷದ ಪರೀಕ್ಷೆಗೆ ಕಳಿಸುವ ಒಳಾಂಗಗಳನ್ನು ಗಟ್ಟಿ ಉಪ್ಪುನೀರಿನಲ್ಲಿ ಇಡಬೇಕು. ಫಾರ್ಮಲಿನ್‌ನಲ್ಲಿ ಇಟ್ಟರೆ ರಾಸಾಯನಿಕ ಪರೀಕ್ಷೆ ಕೆಟ್ಟುಹೋಗುತ್ತದೆ. ವಿಮಾನದಲ್ಲಿ ಒಯ್ಯಲು ಶವಕ್ಕೆ ರಾಸಾಯನಿಕ ತುಂಬುವುದರಲ್ಲೂ ಇದೇ ತೊಂದರೆ. ಎರಡನೇ ಮರಣೋತ್ತರ ಪರೀಕ್ಷೆ ಬೇಕೆನಿಸಿದರೆ ಕುಟುಂಬ ಅದಕ್ಕೂ ಮೊದಲೇ ಅರ್ಜಿ ಕೊಡಬೇಕು.

ಪಕ್ಕದ ಗೋವಾದ ಅಂಜುನಾದಲ್ಲಿ 2008ರಲ್ಲಿ ಹದಿನೈದರ ಬ್ರಿಟಿಷ್ ಹುಡುಗಿಯ ಶವ ಸಿಕ್ಕಾಗ ಪೊಲೀಸರು ಮೊದಲು ಹೇಳಿದ್ದು ಮುಳುಗಿ ಸತ್ತಳು ಎಂದೇ. ತಾಯಿ ಪಟ್ಟು ಹಿಡಿದ ಮೇಲೆ ಎರಡನೇ ಪರೀಕ್ಷೆ ಆಯಿತು, ಗಾಯಗಳು ಕಾಣಿಸಿದವು, ತನಿಖೆ ಸಿಬಿಐಗೆ ಹೋಯಿತು. 2016ರಲ್ಲಿ ಇಬ್ಬರೂ ಆರೋಪಿಗಳು ಖುಲಾಸೆಯಾದರು. 2019ರಲ್ಲಿ ಹೈಕೋರ್ಟ್ ಒಬ್ಬನಿಗೆ ಹತ್ತು ವರ್ಷ ಶಿಕ್ಷೆ ವಿಧಿಸಿತು. ಮೊದಲ ದಿನಗಳ ಸಡಿಲತೆಗೆ ಹನ್ನೊಂದು ವರ್ಷ ಬೆಲೆ ತೆತ್ತ ಪ್ರಕರಣ ಅದು.

ಆರೋಪಿ ತಪ್ಪೊಪ್ಪಿಕೊಂಡ, ಪೊಲೀಸರು ಕರೆದುಕೊಂಡು ಹೋಗಿ ಆಯುಧ ತೆಗೆಸಿದರು ಎಂದು ಪತ್ರಿಕೆಯಲ್ಲಿ ಬರುತ್ತದೆ. ಕೊನೆಗೆ ನೋಡಿದರೆ ಖುಲಾಸೆ. ಹೇಗೆ?
*– ನಿವೃತ್ತ ಶಿಕ್ಷಕರು, ಕಾರವಾರ*

ಪೊಲೀಸರ ಮುಂದೆ ಒಪ್ಪಿಕೊಂಡದ್ದಕ್ಕೆ ನ್ಯಾಯಾಲಯದಲ್ಲಿ ಕವಡೆ ಕಿಮ್ಮತ್ತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಅದನ್ನು ಹೊರಗಿಟ್ಟಿದೆ. ಆತನ ಮಾತಿನಿಂದ ಹೊಸದಾಗಿ ಏನಾದರೂ ಪತ್ತೆಯಾದರೆ, ಆ ಪತ್ತೆಗೆ ನೇರ ಸಂಬಂಧಿಸಿದ ಮಾತಷ್ಟೇ ಒಳಗೆ ಬರುತ್ತದೆ. 1947ರ ಪುಲುಕುರಿ ಕೊಟ್ಟಯ್ಯ ತೀರ್ಪಿನಿಂದ ಇಂದಿನವರೆಗೂ ಇದೇ ನಿಯಮ. "ಚಾಕುವನ್ನು ಇಂಥ ಕಡೆ ಹುಗಿದಿಟ್ಟಿದ್ದೇನೆ, ತೋರಿಸುತ್ತೇನೆ" ಎಂಬುದು ನಿಲ್ಲುತ್ತದೆ. "ಅದರಿಂದಲೇ ಕೊಂದೆ" ಎಂಬುದು ಬಿದ್ದುಹೋಗುತ್ತದೆ.

ಸಿಕ್ಕಿದ ವಸ್ತುವೂ ಕೈಕೊಡಲು ಕಾರಣಗಳಿವೆ. ಯಾರು ಬೇಕಾದರೂ ಓಡಾಡುವ ಗಾಳಿಮರದ ತೋಪಿನಲ್ಲಿ, ಮೇಲೆಯೇ ಬಿದ್ದಿದ್ದ ಕತ್ತಿ ಸಿಕ್ಕಿದರೆ ಅದು ಆರೋಪಿಗೆ ಮಾತ್ರ ಗೊತ್ತಿದ್ದ ಜಾಗ ಎನ್ನಲಾಗದು. ಹಿಂದಿನ ದಿನವೇ ಶ್ವಾನದಳ ಆ ಜಾಗ ತಲುಪಿದ್ದರೆ ಪತ್ತೆ ಆರೋಪಿಯದ್ದಲ್ಲ, ನಾಯಿಯದ್ದು. ಪಂಚರು ಅದೇ ಠಾಣೆಯ ಹತ್ತು ಕೇಸಿಗೆ ಸಹಿ ಹಾಕಿದವರಾದರೆ ಪಾಟಿ ಸವಾಲಿನಲ್ಲಿ ಹತ್ತು ನಿಮಿಷವೂ ನಿಲ್ಲುವುದಿಲ್ಲ. ಈಗ ಬಿಎನ್‌ಎಸ್‌ಎಸ್ 105ನೇ ಕಲಂ ಪ್ರಕಾರ ಶೋಧ ಮತ್ತು ಜಪ್ತಿಯನ್ನು, ಪಂಚರು ಸಹಿ ಹಾಕುವುದೂ ಸೇರಿ, ವಿಡಿಯೊ ಮಾಡಿ ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ವಕೀಲರು ಮೊದಲು ನೋಡುವುದು ವಿಡಿಯೊದ ಸಮಯ ಮತ್ತು ಪಂಚನಾಮೆಯಲ್ಲಿ ಬರೆದ ಸಮಯ ತಾಳೆಯಾಗುತ್ತವೆಯೇ ಎಂದು.

ಆರೋಪಿಗೆ ತೊಂಬತ್ತು ದಿನಕ್ಕೆ ಜಾಮೀನು ಸಿಕ್ಕಿತು. ಪೊಲೀಸರು ಒಳಗಿಂದ ಕೈಜೋಡಿಸಿದ್ದಾರಾ?
*– ಅಂಕೋಲಾ*

ಕೊಲೆ ಕೇಸಿನಲ್ಲಿ 90 ದಿನದೊಳಗೆ ದೋಷಾರೋಪ ಪಟ್ಟಿ ಸಲ್ಲದಿದ್ದರೆ, ಜಾಮೀನು ಕೊಡಲು ಸಿದ್ಧನಿರುವ ಆರೋಪಿಗೆ ಜಾಮೀನು ಹಕ್ಕು, ನ್ಯಾಯಾಧೀಶರ ಕೃಪೆಯಲ್ಲ. ಕೇಳಬೇಕಾದ ಪ್ರಶ್ನೆ ಪಟ್ಟಿ ಏಕೆ ತಡವಾಯಿತು ಎಂಬುದು. ಪ್ರಯೋಗಾಲಯದ ವರದಿ ಬಂದಿಲ್ಲ ಎಂಬುದು ಸಬೂಬಾಗಲಾರದು. ಪಟ್ಟಿ ಸಲ್ಲಿಸಿ, ವರದಿಯನ್ನು ಬಿಎನ್‌ಎಸ್‌ಎಸ್ 193(9)ರ ಅಡಿ ಆಮೇಲೆ ಸೇರಿಸಬಹುದು.

ನಮ್ಮ ಅಂಗಡಿಯ ಸಿಸಿಟಿವಿಯಿಂದ ಪೊಲೀಸರು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದರು. ಮೊಬೈಲಿನಲ್ಲಿ ಪರದೆಯ ಚಿತ್ರವನ್ನೂ ತೆಗೆದರು. ಇಷ್ಟು ಸಾಕೇ?
*– ಕುಮಟಾ*

ಪರದೆಯನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡದ್ದು ತನಿಖೆಗೆ ಸುಳಿವಾದೀತು, ಸಾಕ್ಷ್ಯವಾಗಿ ದುರ್ಬಲ. ಪೆನ್‌ಡ್ರೈವ್ ಪ್ರತಿ ನಿಲ್ಲಬೇಕಾದರೆ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಉಪಕರಣ ಯಾರ ಸುಪರ್ದಿಯಲ್ಲಿತ್ತೋ ಅವರ ಸಹಿ ಒಂದಕ್ಕೆ, ತಜ್ಞರ ಸಹಿ ಇನ್ನೊಂದಕ್ಕೆ. ಜೊತೆಗೆ ವಿಡಿಯೊ ಕಡತದ ಹ್ಯಾಶ್ ಮೌಲ್ಯ ಎಂಬ ಗುರುತು ಸಂಖ್ಯೆ ನಮೂದಾಗಬೇಕು. ಒಂದು ಚೌಕಟ್ಟು (ಫ್ರೇಮ್) ಬದಲಾದರೂ ಈ ಸಂಖ್ಯೆ ಬೇರೆಯಾಗುತ್ತದೆ, ತಿದ್ದಿದ್ದಾರೆಂಬ ವಾದಕ್ಕೆ ಅದೇ ಉತ್ತರ. ಪ್ರಮಾಣಪತ್ರ ಕಡ್ಡಾಯ ಎಂಬುದನ್ನು ಸುಪ್ರೀಂ ಕೋರ್ಟ್ ಹಳೆಯ ಕಾಯ್ದೆಯಡಿಯಲ್ಲೇ, 2020ರ ಅರ್ಜುನ್ ಪಂಡಿತರಾವ್ ತೀರ್ಪಿನಲ್ಲಿ ಖಚಿತಪಡಿಸಿದೆ. ದೃಶ್ಯ ಸಂಗ್ರಹಿಸುವ ಮೂಲ ಡಿವಿಆರ್ ಪೆಟ್ಟಿಗೆಯನ್ನೇ ಜಪ್ತಿ ಮಾಡಿ ನ್ಯಾಯಾಲಯದ ಮುಂದಿಟ್ಟರೆ ಗೊಂದಲ ಇನ್ನೂ ಕಡಿಮೆ.

ಅಂಗಡಿಯವರು ಮಾಡಬಹುದಾದದ್ದೂ ಇದೆ. ಡಿವಿಆರ್ ತುಂಬಿದರೆ ಹಳೆಯದರ ಮೇಲೆ ಹೊಸದು ಬರೆಯುತ್ತ ಹೋಗುತ್ತದೆ. ಕ್ಯಾಮೆರಾ ಹೆಚ್ಚಿದ್ದು ಹಾರ್ಡ್‌ಡಿಸ್ಕ್ ಸಣ್ಣದಿದ್ದರೆ ವಾರ, ಹದಿನೈದು ದಿನದಲ್ಲೇ ಅಳಿಸಬಹುದು. ಹತ್ತಿರದಲ್ಲಿ ಅಪರಾಧ ನಡೆದದ್ದು ತಿಳಿದ ಕೂಡಲೇ ಠಾಣೆಗೆ ಬರಹದಲ್ಲಿ ತಿಳಿಸಿ, ಸ್ವೀಕೃತಿ ತೆಗೆದುಕೊಳ್ಳಿ. ಡಿವಿಆರ್ ಗಡಿಯಾರ ಮತ್ತು ಮೊಬೈಲ್ ಗಡಿಯಾರದ ವ್ಯತ್ಯಾಸ ಎಷ್ಟಿದೆ ಎಂದು ಪಂಚನಾಮೆಯಲ್ಲಿ ಬರೆಸಿ. ಕರೆಂಟ್ ಹೋಗಿ ಬಂದು ಇಪ್ಪತ್ತು ನಿಮಿಷ ಹಿಂದೆ ಬಿದ್ದ ಗಡಿಯಾರ, ಆರೋಪಿ ಬೇರೆಡೆ ಇದ್ದ ಎಂದು ತೋರಿಸಿಬಿಡಬಲ್ಲದು. ಕರೆ ವಿವರದ ವಿಷಯದಲ್ಲಿ ಇಷ್ಟು ಆತುರವಿಲ್ಲ, ದೂರವಾಣಿ ಕಂಪನಿಗಳು ಅದನ್ನು ಎರಡು ವರ್ಷ ಇಡಬೇಕು.

ಥಾಯ್ಲೆಂಡಿನ ಕೊಹ್ ತಾವೊ ದ್ವೀಪದ ಕೇಸಿನಲ್ಲಿ ಡಿಎನ್‌ಎ ಪರೀಕ್ಷೆಯನ್ನೇ ಜನ ನಂಬಲಿಲ್ಲ ಎಂದು ಓದಿದ್ದೆ. ನಮ್ಮಲ್ಲಿ ಹಾಗಾದರೆ?
*– ವಿದ್ಯಾರ್ಥಿ, ಹೊನ್ನಾವರ*

2014ರ ಸೆಪ್ಟೆಂಬರಿನಲ್ಲಿ ಇಬ್ಬರು ಬ್ರಿಟಿಷ್ ಪ್ರವಾಸಿಗರು ಅಲ್ಲಿನ ಕಡಲತೀರದಲ್ಲಿ ಕೊಲೆಯಾದರು. ಮ್ಯಾನ್ಮಾರಿನ ಇಬ್ಬರು ವಲಸೆ ಕಾರ್ಮಿಕರಿಗೆ 2015ರ ಡಿಸೆಂಬರಿನಲ್ಲಿ ಮರಣದಂಡನೆ ವಿಧಿಸಲಾಯಿತು. 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, 2020ರಲ್ಲಿ ಅದು ಜೀವಾವಧಿಗೆ ಇಳಿಯಿತು. ತಪ್ಪೊಪ್ಪಿಗೆಯನ್ನು ಹಿಂಸೆಯಿಂದ ಹೇಳಿಸಿದರು ಎಂದು ಆರೋಪಿಗಳು ಹಿಂತೆಗೆದುಕೊಂಡಿದ್ದರು. ಕೊಲೆಗೆ ಬಳಸಿದ್ದೆನ್ನಲಾದ ಗುದ್ದಲಿಯನ್ನು ಬೇರೆ ಸಂಸ್ಥೆ ಪರೀಕ್ಷಿಸಿದಾಗ ಅದರ ಮೇಲೆ ಅವರ ಡಿಎನ್‌ಎ ಸಿಗಲಿಲ್ಲ. ಶವದಿಂದ ತೆಗೆದ ಮಾದರಿಯಲ್ಲಿ ಅವರದ್ದೇ ಡಿಎನ್‌ಎ ಇದೆ ಎಂಬುದು ಪೊಲೀಸರ ವಾದ. ಮರುಪರೀಕ್ಷೆಗೆ ಕೇಳಿದರೆ ಆ ಮಾದರಿ ಮುಗಿದಿದೆ ಎಂಬ ಉತ್ತರ ಬಂತು. ಜನರ ಅನುಮಾನ ಇಂದಿಗೂ ತಣ್ಣಗಾಗದಿರುವುದಕ್ಕೆ ಈ ಕೊನೆಯ ಸಂಗತಿಯೇ ಮುಖ್ಯ ಕಾರಣ ಎಂದು ನಮ್ಮ ಅಭಿಪ್ರಾಯ.

ನಮ್ಮಲ್ಲಿ ಪ್ರಯೋಗಾಲಯಕ್ಕಿಂತ ಹೆಚ್ಚು ಜಗಳ ಅಲ್ಲಿಗೆ ತಲುಪುವ ದಾರಿಯ ಬಗ್ಗೆ. 2011ರಲ್ಲಿ ತಮಿಳುನಾಡಿನ ಸುರುಳಿ ಜಲಪಾತಕ್ಕೆ ಹೋಗಿದ್ದ ಜೋಡಿಯ ಕೊಲೆಯಲ್ಲಿ ಗಲ್ಲು ಶಿಕ್ಷೆಯಾಗಿದ್ದವನನ್ನು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಬಿಡುಗಡೆ ಮಾಡಿತು. ಡಿಎನ್‌ಎ ಮಾದರಿಗಳನ್ನು ನಿಭಾಯಿಸಿದ ರೀತಿಯಲ್ಲಿನ ದೋಷ ಅದಕ್ಕೆ ದೊಡ್ಡ ಕಾರಣ. ಅದೇ ತೀರ್ಪು ಇಡೀ ದೇಶಕ್ಕೆ ನಿಯಮ ಹಾಕಿದೆ: ಮಾದರಿ 48 ಗಂಟೆಯೊಳಗೆ ಪ್ರಯೋಗಾಲಯ ತಲುಪುವಂತೆ ತನಿಖಾಧಿಕಾರಿ ನೋಡಿಕೊಳ್ಳಬೇಕು, ವಿಚಾರಣೆ ಬಾಕಿಯಿರುವಾಗ ನ್ಯಾಯಾಲಯದ ಅನುಮತಿಯಿಲ್ಲದೆ ಪೊಟ್ಟಣ ಒಡೆಯುವಂತಿಲ್ಲ, ಮರುಮೊಹರು ಹಾಕುವಂತಿಲ್ಲ, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ವಹಿ ತೀರ್ಪಿನವರೆಗೂ ಇರಬೇಕು.

ಕರಾವಳಿಗೆ ಸಂಬಂಧಿಸಿದ ಮಾತೊಂದನ್ನು ಸೇರಿಸಬೇಕು. ರಕ್ತದ ಬಟ್ಟೆಯನ್ನು ನೆರಳಿನಲ್ಲಿ ಆರಿಸಿ ಕಾಗದದ ಲಕೋಟೆಯಲ್ಲಿ ಹಾಕಬೇಕು. ನಮ್ಮ ಮಳೆಗಾಲದಲ್ಲಿ ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಠಾಣೆಯ ಮೂಲೆಯಲ್ಲಿಟ್ಟರೆ ಬೂಷ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ಮೊಹರು ಎಷ್ಟು ಗಟ್ಟಿಯಿದ್ದರೇನು, ಒಳಗಿದ್ದದ್ದು ಕೊಳೆತಿರುತ್ತದೆ.

ಗೋವಾದ ಕಾಣಕೋಣದ ಕೇಸು ಮುಗಿಯಲು ಎಂಟು ವರ್ಷ ಬೇಕಾಯಿತೇ?
*– ಶಿರಸಿ*

ಹೌದು. ಐರಿಷ್ ಯುವತಿಯ ಕೊಲೆ ನಡೆದದ್ದು 2017ರ ಮಾರ್ಚಿನಲ್ಲಿ. ಮಡಗಾಂವ್ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟದ್ದು 2025ರ ಫೆಬ್ರುವರಿಯಲ್ಲಿ. ಆ ಕೇಸಿನ ಒಳವಿವರಕ್ಕೆ ಇಲ್ಲಿ ಹೋಗುವುದಿಲ್ಲ. ಆದರೆ ಕಡಲತೀರದ ಕೇಸುಗಳು ಎಳೆದಾಡಲು ಕಾರಣ ಬಹುತೇಕ ಸಾಕ್ಷಿಗಳೇ. ದಂಡೆಯ ಹೋಟೆಲುಗಳಾದ ಶ್ಯಾಕ್‌ಗಳಲ್ಲಿ ಕೆಲಸ ಮಾಡುವ ಹೊರರಾಜ್ಯದ, ನೇಪಾಳದ ಹುಡುಗರು ಅಕ್ಟೋಬರಿಗೆ ಬಂದು ಮಳೆ ಹಿಡಿಯುವ ಮೊದಲೇ ಹೊರಡುತ್ತಾರೆ. ಮೂರು ವರ್ಷದ ನಂತರ ಸಮನ್ಸ್ ಹೊರಟರೆ ವಿಳಾಸದಲ್ಲಿ ಯಾರೂ ಇಲ್ಲ. ಜೊತೆಗಿದ್ದ ವಿದೇಶಿ ಗೆಳೆಯರು ವೀಸಾ ಮುಗಿಸಿ ಹೋಗಿರುತ್ತಾರೆ.

ದಾರಿಗಳಿವೆ, ಹಿಡಿಯುವವರು ಕಡಿಮೆ. ಹತ್ತು ವರ್ಷಕ್ಕಿಂತ ಕಡಿಮೆಯಿಲ್ಲದ ಶಿಕ್ಷೆಯ ಅಪರಾಧದಲ್ಲಿ ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ಬಿಎನ್‌ಎಸ್‌ಎಸ್ 183ನೇ ಕಲಂ ಅಡಿ ದಾಖಲಿಸಲೇಬೇಕು. ಸಾಕ್ಷಿ ಊರು ಬಿಡುವ ಮೊದಲು ಇದನ್ನು ಮುಗಿಸಿದರೆ, ಆಮೇಲೆ ಅವನು ತಿರುಗಿಬಿದ್ದಾಗ ಆ ಹೇಳಿಕೆ ಎದುರಿಗಿರುತ್ತದೆ. ಆದರೂ ಅದು ನ್ಯಾಯಾಲಯದಲ್ಲಿ ನುಡಿಯುವ ಸಾಕ್ಷ್ಯಕ್ಕೆ ಬದಲಿಯಲ್ಲ. ವಿದೇಶದಲ್ಲಿರುವವರು ವಿಡಿಯೊ ಮೂಲಕ ಸಾಕ್ಷಿ ನುಡಿಯುವುದನ್ನು ಸುಪ್ರೀಂ ಕೋರ್ಟ್ 2003ರಲ್ಲೇ ಒಪ್ಪಿದೆ, ಹೊಸ ಸಂಹಿತೆಯ 530ನೇ ಕಲಂ ಅದಕ್ಕೆ ಇನ್ನಷ್ಟು ಬಾಗಿಲು ತೆರೆದಿದೆ. ಹೋಂಸ್ಟೇಯವರು ವಿದೇಶಿ ಅತಿಥಿಗಳ ವಿವರವನ್ನು, ಜನ ಸಿ ಫಾರ್ಮ್ ಎನ್ನುವುದನ್ನು, 24 ಗಂಟೆಯೊಳಗೆ ಸಲ್ಲಿಸಿದ್ದರೆ ಯಾರು ಯಾವ ದಿನ ಎಲ್ಲಿದ್ದರು ಎಂಬುದಕ್ಕಾದರೂ ದಾಖಲೆ ಸಿಗುತ್ತದೆ.

ತನಿಖೆ ಸರಿಯಿಲ್ಲವೆನಿಸಿದರೆ ಸಿಬಿಐಗೆ ಕೊಡಿ ಎಂದು ಊರವರು ಕೇಳಬಹುದೇ?
*– ಯುವಕ ಸಂಘ, ಭಟ್ಕಳ*

ಮನವಿ ಯಾರು ಬೇಕಾದರೂ ಕೊಡಬಹುದು. ಕಾನೂನಿನ ತೂಕ ಇರುವುದು ಸಂತ್ರಸ್ತರ, ಅಂದರೆ ಸತ್ತವರ ವಾರಸುದಾರರ ಮಾತಿಗೆ. ಎಫ್‌ಐಆರ್ ಆಗದಿದ್ದರೆ ಮೊದಲು ಜಿಲ್ಲಾ ಎಸ್‌ಪಿಗೆ ಬಿಎನ್‌ಎಸ್‌ಎಸ್ 173(4)ರ ಅಡಿ ಬರಹದಲ್ಲಿ ದೂರು, ಆಮೇಲೆ ಅಫಿಡವಿಟ್ ಜೊತೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ತನಿಖೆ ದಾರಿ ತಪ್ಪಿದ್ದರೆ ವಿಚಾರಣೆ ಶುರುವಾಗುವ ಮೊದಲು ಹೆಚ್ಚಿನ ತನಿಖೆಗೆ ಮ್ಯಾಜಿಸ್ಟ್ರೇಟರೇ ಆದೇಶಿಸಬಹುದು. 2019ರ ವಿನೂಭಾಯಿ ಮಾಳವೀಯ ತೀರ್ಪು ಇದನ್ನು ಹೇಳಿದೆ. ಸಿಬಿಐ ಅಥವಾ ವಿಶೇಷ ತಂಡ ಬೇಕಾದರೆ ನಮ್ಮ ಜಿಲ್ಲೆಯವರು ಹೋಗಬೇಕಾದದ್ದು ಧಾರವಾಡದ ಹೈಕೋರ್ಟ್ ಪೀಠಕ್ಕೆ. "ಪೊಲೀಸರ ಮೇಲೆ ನಂಬಿಕೆಯಿಲ್ಲ" ಎಂಬ ಒಂದೇ ಸಾಲಿನ ಅರ್ಜಿ ಅಲ್ಲಿ ನಿಲ್ಲದು. ನೀರಿನ ಮಾದರಿ ತೆಗೆದಿಲ್ಲ, ಇಂಥ ಅಂಗಡಿಯ ಡಿವಿಆರ್ ಜಪ್ತಿಯಾಗಿಲ್ಲ, ಮೊಹರಾದ ಪೊಟ್ಟಣ ಹದಿನೈದು ದಿನ ಠಾಣೆಯಲ್ಲೇ ಇತ್ತು ಎಂದು ತಾರೀಕು ಸಮೇತ ಬರೆಯಿರಿ. ಅಧಿಕಾರಿಯ ನಡತೆಯ ಬಗ್ಗೆಯೇ ದೂರಿದ್ದರೆ ಪೊಲೀಸ್ ದೂರು ಪ್ರಾಧಿಕಾರ ಬೇರೆ ಇದೆ. ಸಾಕ್ಷಿಗಳ, ಆರೋಪಿಗಳ ಹೆಸರು, ಫೋಟೊಗಳನ್ನು ವಾಟ್ಸ್ಆ್ಯಪ್‌ನಲ್ಲಿ ಹರಿಬಿಡಬೇಡಿ. ಆರೋಪಿಯ ಫೋಟೊ ಮೊದಲೇ ಊರೆಲ್ಲ ಸುತ್ತಿದ್ದರೆ ಗುರುತು ಹಚ್ಚುವ ಪರೇಡ್‌ಗೆ ಬೆಲೆಯೇ ಇರುವುದಿಲ್ಲ, ಲಾಭ ಆರೋಪಿಗೆ.

ದೋಷಾರೋಪ ಪಟ್ಟಿಯನ್ನು ನಾವು ನೋಡಬಹುದೇ? ವಿಚಾರಣೆಗೆ ಹೋಗಿ ಕೂರಬಹುದೇ?
*– ಕಾರವಾರ*

ಎಫ್‌ಐಆರ್, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟರೆ, ಪೊಲೀಸ್ ಜಾಲತಾಣದಲ್ಲಿ ಸಿಗುತ್ತದೆ. ದೋಷಾರೋಪ ಪಟ್ಟಿ ಸಾರ್ವಜನಿಕ ದಾಖಲೆಯಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಪ್ರತಿ ಸಿಗುವುದು ಆರೋಪಿಗೆ ಮತ್ತು ವಕೀಲರನ್ನು ಇಟ್ಟುಕೊಂಡ ಸಂತ್ರಸ್ತರಿಗೆ. ವಿಚಾರಣೆ ತೆರೆದ ನ್ಯಾಯಾಲಯದಲ್ಲೇ ನಡೆಯುತ್ತದೆ, ಅತ್ಯಾಚಾರದಂಥ ಆರೋಪವಿದ್ದರೆ ಬಾಗಿಲು ಮುಚ್ಚಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರಕರಣದ 16 ಅಂಕೆ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಮುಂದಿನ ತಾರೀಕು ತಿಳಿಯುತ್ತದೆ. ಮೊಬೈಲ್ ಬಂದ್ ಮಾಡಿ ಒಳಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ.