ವಯಸ್ಸಾದ ಗಿನಿಪಿಗ್‌ನ ಮೂತ್ರದ ತೊಂದರೆ: ಪೂರಕ ಮಾತ್ರೆಗೂ ಮೊದಲು ಎಕ್ಸ್‌ರೇ

ಪ್ರಶ್ನೆ: ನಮ್ಮ ಮನೆಯ ಹೆಣ್ಣು ಗಿನಿಪಿಗ್‌ಗೆ ಈಗ ಐದೂವರೆ ವರ್ಷ. ಕೆಲವು ತಿಂಗಳಿಂದ ಮೂತ್ರ ಮಾಡುವಾಗ ಬೆನ್ನು ಬಾಗಿಸಿ ಕೀರಲು ದನಿಯಲ್ಲಿ ಕೂಗುತ್ತಾಳೆ. ಹಾಸಿದ ಬಟ್ಟೆಯ ಮೇಲೆ ಆಗಾಗ ಗುಲಾಬಿ ಬಣ್ಣದ ಕಲೆ ಕಾಣುತ್ತದೆ. ವೈದ್ಯರು ಎರಡು ಬಾರಿ ಆಂಟಿಬಯಾಟಿಕ್ ಕೊಟ್ಟರು. ಔಷಧಿ ಕೊಡುವಷ್ಟು ದಿನ ಚೆನ್ನಾಗಿದ್ದು, ನಿಲ್ಲಿಸಿದ ಮೇಲೆ ಮತ್ತೆ ಅದೇ ಪಾಡು. ಗಿನಿಪಿಗ್ ಸಾಕುವ ಪರಿಚಿತರಲ್ಲಿ ಕೆಲವರು ಗ್ಲೂಕೋಸಮೈನ್ ಕೊಡಿ ಎನ್ನುತ್ತಾರೆ, ಕೆಲವರು ಕ್ರ್ಯಾನ್‌ಬೆರಿ ಮಾತ್ರೆ ಎನ್ನುತ್ತಾರೆ. ಯಾವುದನ್ನು ಕೊಡಬೇಕು, ಎಷ್ಟು ಕೊಡಬೇಕು?
— ಓದುಗರು, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಕೂಗು ಇದೆ, ಕಲೆ ಇದೆ, ಎರಡು ಸುತ್ತಿನ ಔಷಧಿ ಇದೆ, ಎಕ್ಸ್‌ರೇಯ ಮಾತು ಮಾತ್ರ ಎಲ್ಲೂ ಇಲ್ಲ. ಅದು ಆಗಿಲ್ಲವೆಂದಾದರೆ ಪೂರಕಗಳ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಟ್ಟು ಈ ವಾರವೇ ಅದನ್ನು ಮಾಡಿಸಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಗಿನಿಪಿಗ್‌ಗಳ ಮೂತ್ರಕೋಶದಲ್ಲಿ ಆಗುವ ಕಲ್ಲುಗಳು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್‌ನವು, ಮತ್ತು ಅವು ಸಾದಾ ಎಕ್ಸ್‌ರೇಯಲ್ಲಿಯೇ ಎದ್ದು ಕಾಣುತ್ತವೆ. ಕಲ್ಲಿನ ಜೊತೆಗೆ ಸೋಂಕೂ ಇದ್ದರೆ ಆಂಟಿಬಯಾಟಿಕ್ ಸೋಂಕನ್ನು ತಗ್ಗಿಸುತ್ತದೆ, ಪ್ರಾಣಿ ಕೆಲವು ದಿನ ಹಗುರಾಗುತ್ತದೆ, ಆದರೆ ಒಳಗೋಡೆಯನ್ನು ಉಜ್ಜುವ ಕಲ್ಲು ಅಲ್ಲೇ ಉಳಿದಿರುವುದರಿಂದ ನೋವು ಮರಳುತ್ತದೆ. ನೀವು ಬರೆದಿರುವ ಏರಿಳಿತ ಇದಕ್ಕೆ ತುಂಬಾ ಹತ್ತಿರದ್ದು.

ಈ ಜೀವಿಯ ದೇಹ ಕ್ಯಾಲ್ಸಿಯಂ ಅನ್ನು ನಡೆಸಿಕೊಳ್ಳುವ ರೀತಿಯೇ ಬೇರೆ. ನಮ್ಮ ಕರುಳು ಬೇಕಾದಷ್ಟನ್ನೇ ಹೀರಿ ಉಳಿದದ್ದನ್ನು ಮಲದಲ್ಲಿ ಬಿಡುತ್ತದೆ. ಗಿನಿಪಿಗ್‌ನ ಕರುಳಾದರೋ ತಿಂದ ಕ್ಯಾಲ್ಸಿಯಂನ ದೊಡ್ಡ ಪಾಲನ್ನು ಹೀರಿಕೊಳ್ಳುತ್ತದೆ, ಹೆಚ್ಚಾದದ್ದನ್ನು ಮೂತ್ರಪಿಂಡಗಳು ಹೊರಹಾಕಬೇಕಾಗುತ್ತದೆ. ಮೂತ್ರವೂ ಕ್ಷಾರೀಯವಾಗಿದ್ದು, ಪಿಎಚ್ ಸಾಮಾನ್ಯವಾಗಿ 8ರಿಂದ 9ರವರೆಗೆ ಇರುವುದರಿಂದ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಟ್ಟಲು ಅಡ್ಡಿಯೇ ಇಲ್ಲ. ಹೀಗಾಗಿ ಆರೋಗ್ಯವಂತ ಗಿನಿಪಿಗ್‌ನ ಮೂತ್ರವೂ ಸ್ವಲ್ಪ ಮಬ್ಬಾಗಿಯೇ ಇರುತ್ತದೆ, ಒಣಗಿದ ಮೇಲೆ ಬಿಳಿ ಪುಡಿ ಉಳಿಯುತ್ತದೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಒಂದು ಬಿಳಿ ಟಿಶ್ಯೂವಿನಲ್ಲಿ ಹಸಿ ಮೂತ್ರವನ್ನು ಒತ್ತಿ ತೆಗೆದು ಬೆರಳುಗಳ ನಡುವೆ ತಿಕ್ಕಿ ನೋಡಿ. ಪೌಡರಿನಂತೆ ನುಣುಪಾಗಿದ್ದರೆ ಅದು ಸಹಜ. ಮರಳಿನಂತೆ ತರಿತರಿಯಾಗಿ ಸಿಕ್ಕಿದರೆ ಅಥವಾ ಮೂತ್ರವೇ ಟೂತ್‌ಪೇಸ್ಟಿನಷ್ಟು ಗಟ್ಟಿಯಾಗಿ ಬಂದರೆ ವೈದ್ಯರಿಗೆ ತಿಳಿಸಲೇಬೇಕಾದ ಸಂಗತಿ.

ನಿಮ್ಮದು ಹೆಣ್ಣಾದ್ದರಿಂದ ಇನ್ನೊಂದು ಸಾಧ್ಯತೆಯನ್ನೂ ನೋಡಬೇಕು. ಮೂರು ವರ್ಷ ದಾಟಿದ ಹೆಣ್ಣು ಗಿನಿಪಿಗ್‌ಗಳಲ್ಲಿ ಅಂಡಾಶಯದ ಗುಳ್ಳೆಗಳು ಬಹಳ ಸಾಮಾನ್ಯ, ಗರ್ಭಕೋಶದ ಕಾಯಿಲೆಗಳೂ ಅಪರೂಪವಲ್ಲ. ಬಟ್ಟೆಯ ಮೇಲೆ ಕಂಡ ರಕ್ತ ಮೂತ್ರಕೋಶದ್ದೋ ಗರ್ಭಕೋಶದ್ದೋ ಎಂಬುದನ್ನು ಕಣ್ಣಳತೆಯಲ್ಲಿ ಹೇಳಲು ಬರುವುದಿಲ್ಲ. ಅದಕ್ಕೆ ಅಲ್ಟ್ರಾಸೌಂಡ್ ಬೇಕು. ಕೆಲವೊಮ್ಮೆ ಆಹಾರದ ಬಣ್ಣದಿಂದ ಅಥವಾ ಪಾರ್ಫಿರಿನ್ ಎಂಬ ವರ್ಣದ್ರವ್ಯದಿಂದಲೂ ಮೂತ್ರ ಕೆಂಪಗೆ ಕಾಣುತ್ತದೆ, ಅದನ್ನು ಮೂತ್ರ ಪರೀಕ್ಷೆ ಕೂಡಲೇ ಬೇರ್ಪಡಿಸಿ ತೋರಿಸುತ್ತದೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಈ ಸೌಲಭ್ಯವಿಲ್ಲದಿದ್ದರೆ ಸಣ್ಣ ಸಾಕುಪ್ರಾಣಿಗಳನ್ನು ನೋಡಿ ಅನುಭವವಿರುವ ವೈದ್ಯರ ಬಳಿಗೆ ಕಳುಹಿಸಿಕೊಡಿ ಎಂದು ನಿಮ್ಮ ವೈದ್ಯರನ್ನೇ ಕೇಳಬಹುದು. ಹಾಗೆ ಕೇಳುವುದರಲ್ಲಿ ಸಂಕೋಚ ಬೇಡ.

ಈಗ ಗ್ಲೂಕೋಸಮೈನ್ ವಿಷಯ. ಮೂತ್ರಕೋಶದ ಒಳಗೋಡೆಯ ಮೇಲೆ ಗ್ಲೈಕೋಸಮಿನೋಗ್ಲೈಕಾನ್ ಎಂಬ ತೆಳುವಾದ ಲೋಳೆಯ ಪದರವಿರುತ್ತದೆ. ಅದು ಹಾಳಾದರೆ ಮೂತ್ರವು ನೇರವಾಗಿ ಗೋಡೆಗೆ ತಾಗಿ ಉರಿ ಎಬ್ಬಿಸುತ್ತದೆ, ಆ ಪದರವನ್ನು ಕಟ್ಟಲು ಬೇಕಾದ ಸಾಮಗ್ರಿಯನ್ನು ಗ್ಲೂಕೋಸಮೈನ್ ಒದಗಿಸುತ್ತದೆ ಎಂಬುದು ಇದರ ಹಿಂದಿನ ತರ್ಕ. ತರ್ಕ ಚೆನ್ನಾಗಿದೆ, ಆಧಾರ ತೆಳುವಾಗಿದೆ. ಇದನ್ನು ಸರಿಯಾಗಿ ಒರೆಗೆ ಹಚ್ಚಿದ್ದು ಬೆಕ್ಕುಗಳಲ್ಲಿ. 2004ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ, ಕಾರಣ ತಿಳಿಯದ ಮೂತ್ರಕೋಶದ ಉರಿಯೂತವಿದ್ದ 40 ಬೆಕ್ಕುಗಳಲ್ಲಿ ಅರ್ಧಕ್ಕೆ ಗ್ಲೂಕೋಸಮೈನನ್ನೂ ಉಳಿದರ್ಧಕ್ಕೆ ಅದರಂತೆಯೇ ಕಾಣುವ ಸಪ್ಪೆ ಮದ್ದನ್ನೂ ಆರು ತಿಂಗಳ ಕಾಲ ಕೊಟ್ಟು ನೋಡಿದಾಗ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿನ ಬೆಕ್ಕುಗಳು ಸುಧಾರಿಸಿದವು, ಅದಕ್ಕೆ ಮುಖ್ಯ ಕಾರಣ ನೀರಿನಂಶ ಹೆಚ್ಚಿರುವ ಆಹಾರವಿರಬೇಕು ಎಂದು ಸಂಶೋಧಕರು ಭಾವಿಸಿದರು. ಗಿನಿಪಿಗ್‌ಗಳ ಮಟ್ಟಿಗೆ ಇರುವುದು ಸಾಕಿದವರ ಮತ್ತು ಕೆಲವು ವೈದ್ಯರ ಅನುಭವದ ಮಾತು. ಹಾಗೆಂದು ನಾನದನ್ನು ತಳ್ಳಿಹಾಕುವುದಿಲ್ಲ. ಎಕ್ಸ್‌ರೇಯಲ್ಲಿ ಕಲ್ಲಿಲ್ಲ, ಮೂತ್ರದಲ್ಲಿ ಸೋಂಕಿಲ್ಲ, ಆದರೂ ಉರಿ ತೀರುತ್ತಿಲ್ಲ ಎಂದಾಗ ವೈದ್ಯರು ತೂಕಕ್ಕೆ ತಕ್ಕಂತೆ ಪ್ರಮಾಣ ಬರೆದುಕೊಟ್ಟರೆ ಒಂದೆರಡು ತಿಂಗಳು ಕೊಟ್ಟು ನೋಡಬಹುದು. ಅಷ್ಟರಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಬೇಕು. ಕೊಳ್ಳುವಾಗ ಮಾತ್ರ ಡಬ್ಬಿಯ ಹಿಂಭಾಗವನ್ನು ಪೂರ್ತಿ ಓದಿ. ಮನುಷ್ಯರ ಕೀಲುನೋವಿಗೆಂದು ಮಾರುವ ಕೆಲವು ಮಾತ್ರೆಗಳಲ್ಲಿ ಗ್ಲೂಕೋಸಮೈನ್ ಜೊತೆಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಇರುತ್ತವೆ, ಅವು ನಿಮ್ಮ ಪ್ರಾಣಿಗೆ ನೇರವಾಗಿ ಹಾನಿ ಮಾಡುವಂಥವು.

ಕ್ರ್ಯಾನ್‌ಬೆರಿಯ ಬಗ್ಗೆ ಇಷ್ಟು ಹೇಳಿದರೆ ಸಾಕು: ಕೆಲವು ಬ್ಯಾಕ್ಟೀರಿಯಾ ಮೂತ್ರಕೋಶದ ಗೋಡೆಗೆ ಅಂಟದಂತೆ ಅದು ತಡೆಯುತ್ತದೆ ಎಂಬುದು ಮನುಷ್ಯರ ವಿಚಾರದಲ್ಲಿ ಹೇಳುವ ಮಾತು. ಆಗಿಹೋದ ಕಲ್ಲನ್ನು ಅದು ಕರಗಿಸುವುದಿಲ್ಲ, ಸಿಹಿ ಬೆರೆತ ಅದರ ರಸವು ಗಿನಿಪಿಗ್‌ನ ಕರುಳಿಗೆ ಒಳ್ಳೆಯದಲ್ಲ.

ನೀವು ಕೇಳದಿದ್ದರೂ ನೋವಿನ ಬಗ್ಗೆ ಹೇಳಲೇಬೇಕು. ಮೂತ್ರ ಮಾಡುವಾಗಲೆಲ್ಲ ಕೂಗುವ ಪ್ರಾಣಿಗೆ ಮೊದಲು ಬೇಕಾದದ್ದು ನೋವು ನಿವಾರಕ. ಮೆಲಾಕ್ಸಿಕಾಮ್ ಎಂಬ ಔಷಧಿಯನ್ನು ಪಶುವೈದ್ಯರು ಗಿನಿಪಿಗ್‌ಗಳಲ್ಲಿ ಸಾಕಷ್ಟು ಬಳಸುತ್ತಾರೆ. ವಯಸ್ಸಾದದ್ದಕ್ಕೆ ಮೂತ್ರಪಿಂಡಗಳ ಸ್ಥಿತಿ ನೋಡಿಕೊಂಡು ಕೊಡುತ್ತಾರೆ. ನೋವಿರುವ ಗಿನಿಪಿಗ್ ಹುಲ್ಲು ತಿನ್ನುವುದನ್ನು ಬಿಡುತ್ತದೆ, ಹುಲ್ಲು ಬಿಟ್ಟ ಒಂದೇ ದಿನದಲ್ಲಿ ಕರುಳಿನ ಚಲನೆ ನಿಧಾನಿಸುತ್ತದೆ, ಆಮೇಲೆ ಜೀವಕ್ಕೇ ಕುತ್ತು. ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಜಾತಿಯ ಔಷಧಿಗಳನ್ನು ಯಾವ ಕಾರಣಕ್ಕೂ ಬಾಯಿಯ ಮೂಲಕ ಕೊಡಬೇಡಿ. ಪೆನಿಸಿಲಿನ್ ಗುಂಪಿನವು ಗಿನಿಪಿಗ್‌ನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು, ವಿಷಕಾರಿಯಾದವು ಬೆಳೆಯಲು ಎಡೆಮಾಡಿ, ಸಾವಿಗೆ ಕಾರಣವಾಗುತ್ತವೆ.

ಪ್ರಶ್ನೆ: ನಮ್ಮ ಕಡೆ ಕಿಡ್ನಿ ಕಲ್ಲಿಗೆ ಬಾಳೆದಿಂಡಿನ ರಸ, ಹುರುಳಿ ಕಟ್ಟು, ಬಾರ್ಲಿ ನೀರು ಕೊಡುತ್ತಾರೆ. ಮೂತ್ರಕೋಶದಲ್ಲಿ ಸುಣ್ಣದಂಥ ಕೆಸರು ಸೇರಿರುವ ನಮ್ಮ ಗಿನಿಪಿಗ್‌ಗೆ ಇವನ್ನು ಕೊಡಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಕೊಡಬೇಡಿ ಎಂದೇ ನನ್ನ ಸಲಹೆ. ಮನುಷ್ಯರ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್‌ನವು, ಗಿನಿಪಿಗ್‌ನದು ಬೇರೆ ಜಾತಿಯ ಕಲ್ಲು, ಬೇರೆ ಗುಣದ ಮೂತ್ರ. ಒಂದು ಕಿಲೋ ತೂಗುವ ಪ್ರಾಣಿಗೆ ಹುರುಳಿ ಕಟ್ಟನ್ನು ಸಿರಿಂಜಿನಲ್ಲಿ ಕುಡಿಸಿದರೆ ಕರುಳಿನಲ್ಲಿ ಹುದುಗೆದ್ದು ಹೊಟ್ಟೆಯುಬ್ಬರ ಬರುವ ಭಯವಿದೆ. ಈ ಮನೆಮದ್ದುಗಳಲ್ಲಿ ನಿಜವಾಗಿ ಕೆಲಸ ಮಾಡುವ ಒಂದು ಅಂಶವೆಂದರೆ ನೀರು, ಅದನ್ನು ನೀರಾಗಿಯೇ ಕೊಡೋಣ. ಸೌತೆಕಾಯಿ, ಲೆಟ್ಯೂಸ್, ಹೊಲದ ಬದಿಯ ಔಷಧಿ ಸಿಂಪಡಿಸದ ಎಳೆ ಗರಿಕೆ ಇವನ್ನು ತೊಳೆದು, ನೀರು ಒಸರುತ್ತಿರುವಂತೆಯೇ ತಟ್ಟೆಗೆ ಹಾಕಿ. ಬಾಟಲಿಯ ನಳಿಗೆಯನ್ನು ಎಳೆದು ಕುಡಿಯಲು ಮುದಿ ಗಿನಿಪಿಗ್‌ಗಳಿಗೆ ಕುತ್ತಿಗೆ, ಹಲ್ಲು ನೋಯುವುದುಂಟು, ಅಂಥವಕ್ಕೆ ಪಕ್ಕದಲ್ಲಿ ಒಂದು ಭಾರವಾದ ಪಿಂಗಾಣಿ ಬಟ್ಟಲನ್ನೂ ಇಡಿ.

ಕೆಸರು ತಳದಲ್ಲಿ ಕೂರುವುದಕ್ಕೆ ಇನ್ನೊಂದು ಕಾರಣ ಓಡಾಟ ಕಡಿಮೆಯಾಗುವುದು. ಕೀಲು ಹಿಡಿದ ಪ್ರಾಣಿ ಮೂಲೆಯಲ್ಲೇ ಕುಳಿತಿರುತ್ತದೆ, ಮೂತ್ರಕೋಶವನ್ನು ಪೂರ್ತಿ ಖಾಲಿ ಮಾಡುವುದಿಲ್ಲ, ಒದ್ದೆಯಲ್ಲೇ ಕುಳಿತು ಹೊಟ್ಟೆಯ ಕೆಳಗಿನ ಚರ್ಮವೂ ಬೆಂದಂತಾಗುತ್ತದೆ. ಹುಲ್ಲನ್ನು ಒಂದೆಡೆ, ನೀರನ್ನು ಇನ್ನೊಂದೆಡೆ ಇಟ್ಟು ಅದು ದಿನಕ್ಕೆ ಹತ್ತಾರು ಬಾರಿ ಎದ್ದು ನಡೆಯುವಂತೆ ಮಾಡಿ. ಕೀಲುನೋವಿಗೆ ಚಿಕಿತ್ಸೆ ಕೊಡಿಸಿದರೆ ಮೂತ್ರಕೋಶಕ್ಕೂ ಉಪಕಾರವಾಗುತ್ತದೆ.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು, ತುಂಬಾ ಗಡಸು. ಅದರಿಂದಲೇ ಕಲ್ಲಾಗುತ್ತದೆಂದು ಹೇಳುತ್ತಾರೆ. ಮೇವಿಗೆ ಹಸುವಿಗೆ ಹಾಕುವ ಕುದುರೆಮೆಂತ್ಯವನ್ನೇ ಕೊಡುತ್ತೇವೆ. ವಿಟಮಿನ್ ಸಿ ಹನಿಗಳನ್ನು ಕುಡಿಯುವ ನೀರಿಗೆ ಬೆರೆಸುತ್ತೇವೆ. ಇದೆಲ್ಲ ಸರಿಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ಒಂದು ಲೆಕ್ಕ ಹಾಕಿ ನೋಡೋಣ. ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ಗಡಸು ನೀರನ್ನು ಒಂದು ಕಿಲೋ ತೂಕದ ಗಿನಿಪಿಗ್ ದಿನಕ್ಕೆ 100 ಮಿಲಿಲೀಟರ್ ಕುಡಿದರೆ ಅದರ ಹೊಟ್ಟೆ ಸೇರುವ ಕ್ಯಾಲ್ಸಿಯಂ 10 ಮಿಲಿಗ್ರಾಂ. ಕುದುರೆಮೆಂತ್ಯದ, ಅಂದರೆ ಲೂಸರ್ನ್‌ನ ಒಣಮೇವಿನಲ್ಲಿ ಕ್ಯಾಲ್ಸಿಯಂ ಶೇಕಡಾ 1.2ರಿಂದ 1.5ರಷ್ಟಿರುತ್ತದೆ, ಅದನ್ನು 30 ಗ್ರಾಂ ತಿಂದರೆ ಸುಮಾರು 400 ಮಿಲಿಗ್ರಾಂ ಆಯಿತು. ನೀರನ್ನು ಸೋಸಿ ಕೊಡುವುದರಿಂದ ನಷ್ಟವೇನಿಲ್ಲ, ಆದರೆ ನಿಮ್ಮ ಮನೆಯಲ್ಲಿ ಬದಲಾಗಬೇಕಾದದ್ದು ಮೇವು. ಬೆಳೆಯುವ ಮರಿಗಳಿಗೂ ಗಬ್ಬದ ಹೆಣ್ಣುಗಳಿಗೂ ಲೂಸರ್ನ್ ಸರಿ, ಮುದಿಯಾದವಕ್ಕೆ ಬೇಡ. ಟಿಮೊಥಿ ಅಥವಾ ರೋಡ್ಸ್‌ನಂಥ ಹುಲ್ಲಿನ ಒಣಮೇವು ದಿನವಿಡೀ ಎದುರಿಗಿರಲಿ. ಗುಳಿಗೆ ಆಹಾರವೂ ಲೂಸರ್ನ್‌ನಿಂದಲೇ ಮಾಡಿದ್ದೋ ಎಂದು ಚೀಲದ ಮೇಲೆ ಓದಿಕೊಳ್ಳಿ. ನುಗ್ಗೆಸೊಪ್ಪು, ಕರಿಬೇವು, ಹರಿವೆ, ಮೆಂತ್ಯದ ಸೊಪ್ಪು ನಮಗೆ ಒಳ್ಳೆಯವೇ, ಕ್ಯಾಲ್ಸಿಯಂ ಅವುಗಳಲ್ಲಿ ಧಾರಾಳವಾಗಿರುವುದರಿಂದ ಕಲ್ಲಿನ ಗಿನಿಪಿಗ್‌ಗೆ ದಿನನಿತ್ಯ ಹಾಕುವಂಥವಲ್ಲ. ಇದರರ್ಥ ಕ್ಯಾಲ್ಸಿಯಂ ಅನ್ನು ಪೂರ್ತಿ ನಿಲ್ಲಿಸಿ ಎಂದಲ್ಲ. ಹುಲ್ಲಿನಲ್ಲಿರುವಷ್ಟು ಅದಕ್ಕೆ ಬೇಕೇ ಬೇಕು.

ವಿಟಮಿನ್ ಸಿ ಮಾತ್ರ ಗಿನಿಪಿಗ್‌ಗೆ ನಿಜವಾಗಿ ಅಗತ್ಯವಾದ ಪೂರಕ. ನಮ್ಮಂತೆಯೇ ಅದರ ದೇಹವೂ ವಿಟಮಿನ್ ಸಿ ತಯಾರಿಸಿಕೊಳ್ಳಲಾರದು. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೋರ್ ಫ್ರೊಲಿಕ್ ಬರಿಯ ಧಾನ್ಯ ತಿನ್ನಿಸಿದ ಗಿನಿಪಿಗ್‌ಗಳಲ್ಲಿ ಸ್ಕರ್ವಿ ಬಂದದ್ದನ್ನು ತೋರಿಸಿಕೊಟ್ಟರು. ಮುಂದೆ ಈ ವಿಟಮಿನ್ನಿನ ಶೋಧಕ್ಕೆ ದಾರಿ ತೆರೆದದ್ದೂ ಆ ಪ್ರಯೋಗವೇ. ವಯಸ್ಸಾದ ಗಿನಿಪಿಗ್‌ಗೆ ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಸಾಕು, ಕಾಯಿಲೆಯಲ್ಲಿ ವೈದ್ಯರು 50ರವರೆಗೂ ಏರಿಸುತ್ತಾರೆ. ಕೊರತೆಯಾದರೆ ಅಂಗಾಂಶಗಳು ದುರ್ಬಲವಾಗುತ್ತವೆ, ಗಾಯ ಮಾಯುವುದಿಲ್ಲ, ಮೂತ್ರಕೋಶದ ಗೋಡೆಯೂ ಇದಕ್ಕೆ ಹೊರತಲ್ಲ. ನೀರಿಗೆ ಬೆರೆಸುವ ಪದ್ಧತಿಯನ್ನು ಮಾತ್ರ ಬಿಡಿ. ಬೆಳಕಿನಲ್ಲಿ ಅದು ಬೇಗ ಕೆಡುತ್ತದೆ, ಎಷ್ಟು ಹೊಟ್ಟೆಗೆ ಹೋಯಿತೆಂಬುದು ತಿಳಿಯುವುದಿಲ್ಲ, ರುಚಿ ಬದಲಾಗಿ ಪ್ರಾಣಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರೆ ಕಲ್ಲಿಗೆ ನಾವೇ ದಾರಿ ಮಾಡಿಕೊಟ್ಟಂತೆ. ಕೆಂಪು ದೊಣ್ಣೆಮೆಣಸಿನಕಾಯಿಯ 25 ಗ್ರಾಂ ಹೋಳಿನಲ್ಲಿಯೇ ಸುಮಾರು 30 ಮಿಲಿಗ್ರಾಂ ಸಿಗುತ್ತದೆ. ತಿನ್ನದಿದ್ದರೆ ಹನಿಗಳನ್ನು ಅಳೆದು ಸಿರಿಂಜಿನಿಂದ ಬಾಯಿಗೇ ಬಿಡಿ. ಮಲ್ಟಿವಿಟಮಿನ್ ಹನಿಗಳು ಬೇಡ, ಅವುಗಳಲ್ಲಿನ ವಿಟಮಿನ್ ಡಿ ಹೆಚ್ಚಾದರೆ ಮೂತ್ರಪಿಂಡದಲ್ಲಿಯೂ ರಕ್ತನಾಳಗಳಲ್ಲಿಯೂ ಸುಣ್ಣ ಕಟ್ಟುತ್ತದೆ.

ಪ್ರಶ್ನೆ: ಆರು ವರ್ಷದ ಗಂಡು ಗಿನಿಪಿಗ್‌ನ ಮೂತ್ರಕೋಶದಲ್ಲಿ ಕಲ್ಲು ಇರುವುದು ಎಕ್ಸ್‌ರೇಯಲ್ಲಿ ಕಂಡಿದೆ. ಈ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸುವ ಧೈರ್ಯವಿಲ್ಲ. ಕಲ್ಲು ಕರಗಿಸುವ ಪೂರಕ ಏನಾದರೂ ಇದೆಯೇ?
— ಓದುಗರು, ಮೈಸೂರು

ಉತ್ತರ: ಇಲ್ಲ. ಕ್ಯಾಲ್ಸಿಯಂ ಕಾರ್ಬೊನೇಟ್ ಕಲ್ಲನ್ನು ಮೂತ್ರಕೋಶದೊಳಗೆ ಕರಗಿಸಬಲ್ಲ ಆಹಾರವಾಗಲಿ, ಮೂಲಿಕೆಯಾಗಲಿ, ಮಾತ್ರೆಯಾಗಲಿ ಇಲ್ಲ. ಪೊಟ್ಯಾಸಿಯಂ ಸಿಟ್ರೇಟ್, ಹೈಡ್ರೋಕ್ಲೋರೋಥಯಜೈಡ್ ಎಂಬ ಔಷಧಿಗಳನ್ನು ಕೆಲವು ವೈದ್ಯರು ಹೊಸ ಕಲ್ಲು ಕಟ್ಟದಿರಲೆಂದು ಬರೆಯುತ್ತಾರೆ. ಇದ್ದ ಕಲ್ಲನ್ನು ತೆಗೆಯುವ ಕೆಲಸ ಅವುಗಳದಲ್ಲ, ವೈದ್ಯರ ನಿಗಾ ಇಲ್ಲದೆ ಕೊಡುವಂಥವೂ ಅಲ್ಲ. ಸಾಮಾನ್ಯವಾಗಿ ಐದರಿಂದ ಏಳು ವರ್ಷ ಬದುಕುವ ಜೀವಿಗೆ ಆರನೆಯ ವರ್ಷದಲ್ಲಿ ಅರಿವಳಿಕೆ ಕೊಡುವುದು ಸಣ್ಣ ಮಾತಲ್ಲ ಎಂಬ ನಿಮ್ಮ ಅಳುಕು ನ್ಯಾಯವಾದದ್ದೇ. ತಿನ್ನುತ್ತಿದೆಯೇ, ತೂಕ ಉಳಿದಿದೆಯೇ, ಮೂತ್ರಪಿಂಡಗಳು ಸರಿಯಾಗಿವೆಯೇ ಎಂಬುದನ್ನು ರಕ್ತಪರೀಕ್ಷೆಯ ಸಹಿತ ನೋಡಿ, ದೇಹ ತಡೆದುಕೊಳ್ಳುವಂತಿದ್ದರೆ ತೆಗೆಸುವುದೇ ಮೇಲು ಎಂದು ನನ್ನ ಅಭಿಪ್ರಾಯ, ಏಕೆಂದರೆ ಗಂಡಿನ ಮೂತ್ರನಾಳ ಕಿರಿದಾಗಿದ್ದು, ಕಲ್ಲು ಜಾರಿ ಅಲ್ಲಿ ಸಿಕ್ಕಿಕೊಂಡರೆ ಮೂತ್ರ ಪೂರ್ತಿ ನಿಂತುಹೋಗುತ್ತದೆ. ದೇಹ ತಡೆಯದು ಎಂದು ವೈದ್ಯರು ಹೇಳಿದರೆ ನೋವು ನಿವಾರಕ, ನೀರು, ಹುಲ್ಲು, ಒಣಗಿದ ಹಾಸಿಗೆ ಇವುಗಳ ಆಸರೆಯಲ್ಲಿ ನೆಮ್ಮದಿಯಾಗಿ ಇರಿಸಿಕೊಳ್ಳುವುದೂ ಚಿಕಿತ್ಸೆಯೇ.

ಯಾವ ದಾರಿ ಹಿಡಿದರೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೆರಡು ಬಾರಿ ತೂಕ ನೋಡಿ ಬರೆದಿಡಿ. ಹೊರಗೆ ಚುರುಕಾಗಿ ಕಂಡರೂ ತೂಕ ಇಳಿಯತೊಡಗಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ತಿಣುಕಿದರೂ ಮೂತ್ರ ಬಾರದೆ ಹೊಟ್ಟೆ ಬಿಗಿದರೆ ಬೆಳಗಾಗುವವರೆಗೆ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಒಯ್ಯಬೇಕು. ಶಸ್ತ್ರಚಿಕಿತ್ಸೆ ಮಾಡಿಸಿದರೆ ತೆಗೆದ ಕಲ್ಲನ್ನು ಎಸೆಯದೆ ಪರೀಕ್ಷೆಗೆ ಕಳುಹಿಸಲು ಹೇಳಿ, ಮುಂದಿನ ಆಹಾರವನ್ನು ಅದರ ವರದಿ ನೋಡಿ ನಿರ್ಧರಿಸಬಹುದು. ಕಲ್ಲು ಮರುಕಳಿಸುವುದು ಈ ಜೀವಿಗಳಲ್ಲಿ ಸಾಮಾನ್ಯವಾದ್ದರಿಂದ ಕೆಲವು ತಿಂಗಳ ಬಳಿಕ ಇನ್ನೊಂದು ಎಕ್ಸ್‌ರೇ ಮಾಡಿಸಬೇಕಾಗುತ್ತದೆ, ಅದರ ದಿನವನ್ನು ಹೊಲಿಗೆ ಬಿಚ್ಚಲು ಹೋದಾಗಲೇ ಗೊತ್ತುಮಾಡಿಕೊಂಡು ಬನ್ನಿ.