ಬಿಪಿಗೆ ಉಪ್ಪು ಕಡಿಮೆ ಮಾಡಿದ ಮೇಲೆ ಅಡುಗೆ ಸಪ್ಪೆ. ಬದಲಿಗೆ ಏನು ಹಾಕಬಹುದು?

ಅಪ್ಪನಿಗೆ ಎಲ್ಲದರಲ್ಲೂ ಅರ್ಧ ಉಪ್ಪು ಹಾಕ್ತಿದ್ದೀರಿ, ಅವರು ತಟ್ಟೆ ತಳ್ತಿದ್ದಾರೆ, ಸೈಂಧವ ಲವಣ ಆಗುತ್ತಾ ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಇತ್ತು. ಆಗಲ್ಲ. ಬಣ್ಣ ಬೇರೆ ಅಷ್ಟೇ, ಒಳಗಿರೋದು ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ‘ಲೋ ಸೋಡಿಯಂ’ ಉಪ್ಪಿನಲ್ಲಿ ಒಂದಷ್ಟು ಸೋಡಿಯಂ ತೆಗೆದು ಪೊಟ್ಯಾಸಿಯಂ ಸೇರಿಸಿರ್ತಾರೆ. ಕಿಡ್ನಿ ತೊಂದರೆ ಇರೋರಿಗೆ, ಕೆಲವು ಬಿಪಿ ಮಾತ್ರೆ ನುಂಗೋರಿಗೆ ಅದು ಅಪಾಯ. ಡಾಕ್ಟರನ್ನ ಕೇಳದೆ ತರಬೇಡಿ.

ನನ್ನ ಪ್ರಕಾರ ಬದಲಿ ಉಪ್ಪು ಹುಡುಕೋದೇ ದಂಡ. ಕೆಟ್ಟಿರೋದು ‘ಎಲ್ಲದಕ್ಕೂ ಅರ್ಧ’ ಅನ್ನೋ ಲೆಕ್ಕ. ಬೇಯುವಾಗ ಹಾಕಿದ ಉಪ್ಪು ಬೇಳೆಯೊಳಗೆ, ಹುರುಳಿಕಾಯಿಯೊಳಗೆ ಇಳಿದುಬಿಡುತ್ತೆ. ಅದರಲ್ಲಿ ಸಾಕಷ್ಟು ನಾಲಿಗೆಗೆ ತಾಗದೆ ಹೊಟ್ಟೆಗೆ ಹೋಗುತ್ತೆ. ಸೋಡಿಯಂ ಲೆಕ್ಕಕ್ಕೆ ಉಂಟು, ರುಚಿಯ ಲೆಕ್ಕಕ್ಕಿಲ್ಲ. ಅರ್ಧ ಹಾಕಿದರೆ ಅನ್ನ, ಸಾರು, ಪಲ್ಯ, ಮಜ್ಜಿಗೆ ನಾಲ್ಕೂ ಸಪ್ಪೆ. ಅದರ ಬದಲು ಅನ್ನ, ರೊಟ್ಟಿ ಹಿಟ್ಟು, ಮಜ್ಜಿಗೆ, ಬೇಳೆ ಬೇಯಿಸೋ ನೀರು, ಇವಕ್ಕೆಲ್ಲ ಸೊನ್ನೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ 2000 ಮಿಲಿಗ್ರಾಂ ಸೋಡಿಯಂ. ಬ್ರೆಡ್ಡು ಬಿಸ್ಕತ್ತಿನದೂ ಇದರೊಳಗೇ ಬರಬೇಕು. ಡಾಕ್ಟರು ಬೇರೆ ಮಿತಿ ಹೇಳಿಲ್ಲ ಅಂದರೆ ಬೆಳಿಗ್ಗೆ 3 ಗ್ರಾಂ ತೂಗಿ ಪುಟ್ಟ ಡಬ್ಬಿಗೆ ಹಾಕಿಡಿ. ಅಂದಾಜು ಅರ್ಧ ಟೀ ಚಮಚ ಪುಡಿ ಉಪ್ಪು. ಕಲ್ಲುಪ್ಪಾದರೆ ಚಮಚದ ಅಳತೆ ನಂಬಬೇಡಿ. ಅವರ ಪಾಲಿನ ಉಪ್ಪು ಆ ಡಬ್ಬಿಯಿಂದ ಮಾತ್ರ ಬರಲಿ, ಅದೂ ನುಣ್ಣಗೆ ಪುಡಿ ಮಾಡಿ, ಒಲೆ ಆರಿಸಿದ ಮೇಲೆ, ಕಾಯಿತುರಿ ಜೊತೆ ಪಲ್ಯದ ಮೇಲೆ ಉದುರಿಸಿ. ಒಂದು ಚಿಟಿಕೆಯೂ ಎದ್ದು ಕಾಣುತ್ತೆ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಉಪ್ಪು ಕಹಿಯನ್ನ ಅಡಗಿಸುತ್ತೆ. ಉಪ್ಪು ತೆಗೆದ ಕೂಡಲೇ ಅದೇ ಸಾರಿನಪುಡಿ ಕಹಿ ಹೊಡೆಯೋದು ಅದಕ್ಕೇ. ಪುಡಿಗೆ ಮೆಂತ್ಯ ಅರ್ಧಕ್ಕಿಳಿಸಿ, ಅರಿಶಿನ ಚಿಟಿಕೆ ಸಾಕು, ಒಗ್ಗರಣೆ ಸಾಸಿವೆ ಸೀಯಬಾರದು. ಕೊತ್ತಂಬರಿ ಬೀಜ, ಜೀರಿಗೆ, ಬ್ಯಾಡಗಿ ಧಾರಾಳವಾಗಿ ಇರಲಿ. ಮೆಣಸನ್ನ ಕುದಿಸಬೇಡಿ, ಆಗಷ್ಟೇ ಕುಟ್ಟಿ ಕೊನೆಗೆ ಹಾಕಿ.

ಹುಳಿಯೇ ನಿಮ್ಮ ದೊಡ್ಡ ಆಸರೆ. ಹುಳಿ ಇದ್ದರೆ ಇರೋ ಉಪ್ಪೇ ಜಾಸ್ತಿ ಅನ್ನಿಸುತ್ತೆ. ನಿಂಬೆರಸ ಒಲೆ ಆರಿಸಿದ ಮೇಲೆ, ಇಲ್ಲದಿದ್ದರೆ ಘಮ ಹೋಗುತ್ತೆ. ಆದರೆ ವರ್ಷಕ್ಕಾಗೋಷ್ಟು ಹುಣಸೆಹಣ್ಣು ಕಟ್ಟಿಡುವಾಗ ಕಲ್ಲುಪ್ಪು ಬೆರೆಸಿರ್ತಾರಲ್ಲ, ಅದನ್ನ ಮರೀಬೇಡಿ. ಉಪ್ಪಿಲ್ಲದ ಹೊಸ ಹುಣಸೆ ಬೇರೆ ಇಡಿ. ಅಮಟೆಕಾಯಿ, ಮಾವಿನಕಾಯಿ ಸಿಕ್ಕ ಕಾಲದಲ್ಲಿ ಅವನ್ನೇ ಹಾಕಿ.

ಉಪ್ಪೇ ಇಲ್ಲದೆ ಗೆಲ್ಲೋದು ತಂಬುಳಿ. ಒಂದು ಹಿಡಿ ಒಂದೆಲಗ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಮೆಣಸು ಮೂರನ್ನೂ ತುಪ್ಪದಲ್ಲಿ ಬಾಡಿಸಿ, ಕಾಲು ಬಟ್ಟಲು ಕಾಯಿ ಸೇರಿಸಿ ನುಣ್ಣಗೆ ರುಬ್ಬಿ, ಒಂದು ಬಟ್ಟಲು ಹುಳಿ ಮೊಸರಿಗೆ ಕಲಸಿ. ಮೇಲೆ ತುಪ್ಪ, ಇಂಗು, ಒಣಮೆಣಸಿನಕಾಯಿ ಒಗ್ಗರಣೆ. ಸಿಹಿ ಮೊಸರಲ್ಲಿ ಮಾಡಿದರೆ ಮಾತ್ರ ಪೂರ್ತಿ ಸಪ್ಪೆ.

ಇಷ್ಟೆಲ್ಲ ಮಾಡಿ ಪಕ್ಕಕ್ಕೆ ಹಪ್ಪಳ, ಬಾಳಕದ ಮೆಣಸಿನಕಾಯಿ, ಉಪ್ಪಿನಕಾಯಿ ಬಡಿಸಿದರೆ ಲೆಕ್ಕವೆಲ್ಲ ನೀರಿಗೆ ಹೋಯ್ತು. ಅಂಗಡಿ ಸಾಂಬಾರ್ ಪುಡಿ ಪ್ಯಾಕೆಟ್ ತಿರುಗಿಸಿ ನೋಡಿ, ಕೆಲವಕ್ಕೆ ಉಪ್ಪು ಹಾಕಿರ್ತಾರೆ. ಅಡುಗೆ ಸೋಡಾ ಉಪ್ಪುಪ್ಪಾಗಿ ಇರಲ್ಲ ಅಂತ ಯಾರೂ ಲೆಕ್ಕಕ್ಕೆ ಹಿಡಿಯಲ್ಲ, ಆದರೆ ಒಂದು ಟೀ ಚಮಚದಲ್ಲಿ ಸುಮಾರು 1250 ಮಿಲಿಗ್ರಾಂ ಸೋಡಿಯಂ ಇದೆ. ದಿಢೀರ್ ರವೆ ಇಡ್ಲಿಗಿಂತ ರಾತ್ರಿಯಿಡೀ ಹುದುಗಿಸಿದ, ಉಪ್ಪು ಹಾಕದ ಉದ್ದಿನ ಹಿಟ್ಟಿನ ಇಡ್ಲಿಯೇ ಅವರಿಗೆ ಮೇಲು.